ಟವೆಲ್ ಕೆಳಗಿನ ಲೆಕ್ಕ

ದನದ ಸಂತೆಯಲ್ಲಿ ಎತ್ತಿನ ಜೋಡಿಗೆ ಬೆಲೆ ಕಟ್ಟುವ ರೀತಿ ಸವದತ್ತಿ, ಬೈಲಹೊಂಗಲ ಸೀಮೆಯ ರೈತರಿಗೆ ಹೊಸದಲ್ಲ. ದಲಾಲ ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಹೊದಿಸುತ್ತಾನೆ. ಅದರ ಕೆಳಗೆ ಬೆರಳಿಗೆ ಬೆರಳು ತಾಗುತ್ತದೆ, ತಲೆ ಅಲ್ಲಾಡುತ್ತದೆ, ವ್ಯವಹಾರ ಮುಗಿಯುತ್ತದೆ. ಸುತ್ತ ನಿಂತವರಿಗೆ ಎತ್ತು ಯಾರ ಪಾಲಾಯಿತು ಎನ್ನುವುದಷ್ಟೇ ತಿಳಿಯುತ್ತದೆ, ಎಷ್ಟಕ್ಕೆ ಹೋಯಿತು ಎನ್ನುವುದಲ್ಲ.

ಪಕ್ಷದ ಟಿಕೆಟ್ ಹಂಚಿಕೆಯೂ ಹೀಗೇ ನಡೆಯುತ್ತದೆ. ಸಂತೆಗೂ ಪಕ್ಷಕ್ಕೂ ಒಂದು ವ್ಯತ್ಯಾಸವಿದೆ. ಸಂತೆಯಲ್ಲಿ ಎತ್ತು ಕೊಳ್ಳಲಾಗದವನು ಸುಮ್ಮನೆ ಮನೆಗೆ ಹೋಗುತ್ತಾನೆ. ಟಿಕೆಟ್ ಸಿಗದವನು ಹೋಗುವುದಿಲ್ಲ, ನಾಮಪತ್ರ ಹಾಕುತ್ತಾನೆ.

ಬೈಲಹೊಂಗಲವನ್ನೇ ನೋಡಬಹುದು. 2013ರಲ್ಲಿ ಇಲ್ಲಿ ಡಾ. ವಿಶ್ವನಾಥ ಪಾಟೀಲರು ಗೆದ್ದದ್ದು ಯಡಿಯೂರಪ್ಪನವರ ಕೆಜೆಪಿಯಿಂದ. 2014ರಲ್ಲಿ ಕೆಜೆಪಿ ಮರಳಿ ಬಿಜೆಪಿಯೊಳಗೆ ಸೇರಿತು. 2018ರಲ್ಲಿ ಬಿಜೆಪಿ ಟಿಕೆಟ್ ಪಾಟೀಲರಿಗೆ ಹೋಯಿತು, ಅದೇ ಪಕ್ಷದ ಮಾಜಿ ಶಾಸಕ ಜಗದೀಶ ಮೆಟಗುಡ್ಡ ಪಕ್ಷೇತರರಾಗಿ ನಿಂತರು. ಗೆದ್ದವರು ಕಾಂಗ್ರೆಸ್ಸಿನ ಮಹಾಂತೇಶ ಕೌಜಲಗಿ. 2023ರಲ್ಲಿ ಪಾತ್ರಗಳು ಅದಲುಬದಲಾದವು: ಟಿಕೆಟ್ ಮೆಟಗುಡ್ಡರಿಗೆ, ಬಂಡಾಯ ಪಾಟೀಲರದು. ಗೆದ್ದವರು ಮತ್ತೆ ಕೌಜಲಗಿ. ಒಂದೇ ಮನೆಯ ಇಬ್ಬರು ಸರದಿಯ ಮೇಲೆ ಒಳಗೂ ಹೊರಗೂ ನಿಂತು, ಎರಡು ಸಲವೂ ಬಾಗಿಲು ಮೂರನೆಯವನಿಗೆ ತೆರೆದುಕೊಟ್ಟರು. ಇಬ್ಬರಲ್ಲಿ ಕಾರ್ಯಕರ್ತರು ಹೆಚ್ಚು ಯಾರ ಕಡೆಗಿದ್ದಾರೆ ಎಂಬ ಪ್ರಶ್ನೆಗೆ ಪಕ್ಷದೊಳಗೆ ಎಂದೂ ಬಹಿರಂಗ ಉತ್ತರ ಸಿಗಲಿಲ್ಲ. ಉತ್ತರ ಮತಗಟ್ಟೆಯಲ್ಲೇ ಸಿಗಬೇಕಾಯಿತು, ಅದೂ ಪಕ್ಷದ ಖರ್ಚಿನಲ್ಲಿ.

ಅಮೆರಿಕದಲ್ಲಿ ಒಂದು ಕಾಲಕ್ಕೆ ಈ ಪ್ರಶ್ನೆ ಪಕ್ಷದ ಮಹಾಸಮಾವೇಶದಲ್ಲಿ ಬಗೆಹರಿಯುತ್ತಿತ್ತು. ಮೊದಲ ಸುತ್ತಿನಲ್ಲಿ ಯಾರಿಗೂ ಬೇಕಾದಷ್ಟು ಮತ ಬೀಳದಿದ್ದರೆ ಬಣದ ಮುಖಂಡರು ಕೂತು ಚೌಕಾಶಿ ಮಾಡುತ್ತಿದ್ದರು. ಅದಕ್ಕೆ ಅಲ್ಲಿಯವರು ಇಟ್ಟ ಹೆಸರೇ ದಲ್ಲಾಳಿ ಸಮಾವೇಶ. ಅದರ ಅತಿ ದೊಡ್ಡ ಉದಾಹರಣೆ 1924ರ ನ್ಯೂಯಾರ್ಕ್. ಜೂನ್ 24ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸೇರಿದ ಡೆಮಾಕ್ರಟಿಕ್ ಪಕ್ಷ ಜುಲೈ 9ರವರೆಗೆ ಏಳಲಿಲ್ಲ. ಒಂದು ಕಡೆ ವಿಲಿಯಂ ಮ್ಯಾಕಡೂ, ಇನ್ನೊಂದು ಕಡೆ ನ್ಯೂಯಾರ್ಕಿನ ಗವರ್ನರ್ ಆಲ್ ಸ್ಮಿತ್. ಮೂರರಲ್ಲಿ ಎರಡು ಪಾಲು ಮತ ಬೇಕೆಂಬ ನಿಯಮದಿಂದಾಗಿ ಇಬ್ಬರೂ ಒಬ್ಬರನ್ನೊಬ್ಬರು ತಡೆದು ನಿಲ್ಲಿಸಬಲ್ಲವರಾಗಿದ್ದರು, ಗೆಲ್ಲಬಲ್ಲವರು ಯಾರೂ ಆಗಿರಲಿಲ್ಲ. ಕು ಕ್ಲಕ್ಸ್ ಕ್ಲಾನ್ ಸಂಘಟನೆಯನ್ನು ಹೆಸರೆತ್ತಿ ಖಂಡಿಸಬೇಕೇ ಬೇಡವೇ ಎಂಬುದರ ಮೇಲೂ ಸಭೆ ಹೆಚ್ಚುಕಡಿಮೆ ಸಮನಾಗಿ ಸೀಳಿತು. ಪ್ರತಿ ಸುತ್ತಿನಲ್ಲೂ ಅಲಬಾಮಾ ರಾಜ್ಯ ತನ್ನ 24 ಮತಗಳನ್ನು ಆಸ್ಕರ್ ಅಂಡರ್‌ವುಡ್ ಹೆಸರಿಗೆ ಹಾಕಿದ್ದಾಗಿ ಕೂಗುತ್ತಿತ್ತು. ರೇಡಿಯೊ ಆಗ ಹೊಸದು. ಆ ಕೂಗು ಕೇಳಿ ಕೇಳಿ ದೇಶವೆಲ್ಲ ಅದನ್ನು ಅಣಕಿಸಿ ನಕ್ಕಿತು. ಕೊನೆಗೆ 103ನೇ ಸುತ್ತಿನಲ್ಲಿ ಆಯ್ಕೆಯಾದವರು ಜಾನ್ ಡೇವಿಸ್. ನವೆಂಬರ್‌ನಲ್ಲಿ ಅವರು ಕ್ಯಾಲ್ವಿನ್ ಕೂಲಿಜ್ ಎದುರು ಹೀನಾಯವಾಗಿ ಸೋತರು.

ನಗೆಪಾಟಲು, ನಿಜ. ಆದರೆ 103 ಸುತ್ತಿನ ಒಂದೊಂದು ಅಂಕಿಯೂ ಇಂದಿಗೂ ಓದಲು ಸಿಗುತ್ತದೆ.

ಅದೇ 1924ರ ಡಿಸೆಂಬರ್‌ನಲ್ಲಿ, ಸವದತ್ತಿ ಬಳಿಯ ಹೂಲಿಯಿಂದ ಒಂದು ದಿನದ ಪ್ರಯಾಣದೊಳಗೆ, ಇನ್ನೊಂದು ಒಡೆದ ಪಕ್ಷ ಸೇರಿತ್ತು. ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ಎಂದರೆ ಗಾಂಧೀಜಿ ಅಧ್ಯಕ್ಷರಾದದ್ದು ಅದೊಂದೇ ಸಲ ಎಂಬ ಮಾತನ್ನು ನಮ್ಮ ಭಾಗದ ಶಾಲೆ ಮಕ್ಕಳೂ ಹೇಳುತ್ತಾರೆ. ಅವರು ಎಂಥ ಪಕ್ಷದ ಅಧ್ಯಕ್ಷರಾದರು ಎಂಬುದನ್ನು ಯಾರೂ ಹೇಳುವುದಿಲ್ಲ. 1922ರ ಕೊನೆಗೆ ಗಯಾದಲ್ಲಿ, ಶಾಸನಸಭೆಗಳಿಗೆ ಹೋಗಬೇಕೆಂಬ ಚಿತ್ತರಂಜನ ದಾಸರ ವಾದಕ್ಕೆ ಸೋಲಾಗಿತ್ತು. ಅವರೇ ಆ ಅಧಿವೇಶನದ ಅಧ್ಯಕ್ಷರು! ಸೋತ ದಾಸರು ಮೋತಿಲಾಲ ನೆಹರೂ ಜೊತೆ ಸೇರಿ ಸ್ವರಾಜ್ ಪಕ್ಷ ಕಟ್ಟಿದರು. ‘ಬದಲಾವಣೆ ಬೇಡ’ ಎನ್ನುವವರು ಒಂದು ಕಡೆ, ಸ್ವರಾಜಿಗಳು ಇನ್ನೊಂದು ಕಡೆ. 1924ರ ಫೆಬ್ರವರಿಯಲ್ಲಿ ಜೈಲಿನಿಂದ ಹೊರಬಂದ ಗಾಂಧೀಜಿ ಜೂನ್‌ನಲ್ಲಿ ಅಹಮದಾಬಾದಿನ ಎಐಸಿಸಿ ಸಭೆಯಲ್ಲಿ ಬಲಾಬಲ ನೋಡಿದರು. ಮತಗಳಲ್ಲಿ ಗೆದ್ದರೂ ಅಂತರ ಎಷ್ಟು ಚಿಕ್ಕದಿತ್ತೆಂದರೆ, ಅದನ್ನು ತಮ್ಮ ಸೋಲೆಂದೇ ಅವರು ಬರೆದುಕೊಂಡರು.

ನವೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಮೂವರ ಒಪ್ಪಂದವಾಯಿತು. ಅದೂ ದಲ್ಲಾಳಿತನವೇ, ಬೇರೆ ಹೆಸರಿನಿಂದ ಕರೆಯುವ ಅಗತ್ಯವಿಲ್ಲ. ಸ್ವರಾಜಿಗಳು ಕಾಂಗ್ರೆಸ್ಸಿನ ಹೆಸರಿನಲ್ಲೇ ಶಾಸನಸಭೆಗಳಲ್ಲಿ ಕೆಲಸ ಮಾಡಬಹುದು. ವಿದೇಶಿ ಬಟ್ಟೆಯ ನಿರಾಕರಣೆಯೊಂದನ್ನು ಬಿಟ್ಟು ಅಸಹಕಾರ ಸ್ಥಗಿತ. ಬದಲಿಗೆ, ಕಾಂಗ್ರೆಸ್ ಸದಸ್ಯತ್ವಕ್ಕೆ ನಾಲ್ಕಾಣೆಯ ಬದಲು ತಿಂಗಳಿಗೆ 2000 ಗಜ ನೂಲು. ಕೊಟ್ಟದ್ದೇನು, ಪಡೆದದ್ದೇನು ಎಂಬುದು ಅಚ್ಚಾಗಿ ಪತ್ರಿಕೆಗಳಲ್ಲಿ ಬಂತು. ಡಿಸೆಂಬರ್ 26 ಮತ್ತು 27ರಂದು ಗಂಗಾಧರರಾವ್ ದೇಶಪಾಂಡೆಯವರು ನೆರವೇರಿಸಿದ ಬೆಳಗಾವಿಯ ಅಧಿವೇಶನ ಆ ಕಾಗದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ನೂಲಿನ ಷರತ್ತು ಒಂದು ವರ್ಷವೂ ಬಾಳಲಿಲ್ಲ, 1925ರಲ್ಲೇ ಐಚ್ಛಿಕವಾಯಿತು. ಪಕ್ಷ ಮಾತ್ರ ಉಳಿಯಿತು. ಯಾರು ಎಷ್ಟು ಬಿಟ್ಟುಕೊಟ್ಟರು ಎಂದು ಎರಡೂ ಬಣದ ಸಾಮಾನ್ಯ ಕಾರ್ಯಕರ್ತನಿಗೂ ಗೊತ್ತಿದ್ದುದು ಅದಕ್ಕೆ ಕಾರಣಗಳಲ್ಲಿ ಒಂದು.

ಎಣಿಕೆಯೊಂದೇ ಎಲ್ಲ ರೋಗಕ್ಕೂ ಮದ್ದೆಂದು ವಾದಿಸುವವರಿಗೆ ಲಾಲ್‌ಬಾಗಿನ ಗಾಜಿನ ಮನೆಯ ನೆನಪು ಬೇಕು. 1969ರ ಜುಲೈನಲ್ಲಿ ಅಲ್ಲಿ ಎಐಸಿಸಿ ಅಧಿವೇಶನ ನಡೆದಾಗ ಪಕ್ಷದ ಅಧ್ಯಕ್ಷರು ಕನ್ನಡಿಗ ಎಸ್. ನಿಜಲಿಂಗಪ್ಪ. ರಾಷ್ಟ್ರಪತಿ ಅಭ್ಯರ್ಥಿಯ ಆಯ್ಕೆಗೆ ಸಂಸದೀಯ ಮಂಡಳಿಯಲ್ಲಿ ಕೈ ಎತ್ತಿಸಿದಾಗ ನೀಲಂ ಸಂಜೀವ ರೆಡ್ಡಿ ಪರ ನಾಲ್ಕು, ವಿರುದ್ಧ ಎರಡು. ಸೋತ ಎರಡರಲ್ಲಿ ಒಂದು ಪ್ರಧಾನಿ ಇಂದಿರಾ ಗಾಂಧಿಯವರದು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ ಅವರೇ ಆಮೇಲೆ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ವಿ.ವಿ. ಗಿರಿ ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. 1971ರ ಲೋಕಸಭಾ ಚುನಾವಣೆಯಲ್ಲಿ ಅವರ ತವರು ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಲೆಕ್ಕ ಸರಿಯಿತ್ತು, ಆದರೆ ಆರು ಜನರ ಲೆಕ್ಕ. ಅಷ್ಟು ಚಿಕ್ಕ ಕೋಣೆಯಲ್ಲಿ ಗೆದ್ದವರಿಗೆ ಹೊರಗಿನ ಗಾಳಿ ಯಾವ ಕಡೆಗಿದೆ ಎಂದು ಕಾಣಲಿಲ್ಲ.

ಹೂಲಿಯ ಶಾಸನಗಳಲ್ಲಿ ಊರಿನ ಹೆಸರು ಪೂಲಿ. ಅಲ್ಲಿ ದತ್ತಿ, ದಾನಗಳ ವ್ಯವಹಾರದಲ್ಲಿ ಮತ್ತೆ ಮತ್ತೆ ಬರುವವರು ‘ಸಾಸಿರ್ವರು’, ಅಂದರೆ ಸಾವಿರ ಮಹಾಜನರು. ಅಗ್ರಹಾರದ ಆ ಸಭೆಯಲ್ಲಿ ಹೊಲ ಉಳುವವರಿಗೆ ಜಾಗವಿರಲಿಲ್ಲ, ಅದನ್ನು ಪ್ರಜಾಪ್ರಭುತ್ವವೆಂದು ಮೆರೆಸುವುದು ಬೇಡ. ಆದರೂ ಒಪ್ಪಂದವನ್ನು ಕಲ್ಲಿನಲ್ಲಿ ಕೆತ್ತಿ, ಯಾರ ಸಮಕ್ಷಮ ಆಯಿತೆಂದು ಬರೆದು, ಊರ ಕಣ್ಣೆದುರು ನಿಲ್ಲಿಸಬೇಕೆಂಬ ಎಚ್ಚರ ಅವರಿಗಿತ್ತು.

ಈಗಿನ ಪಕ್ಷಗಳು ಕಲ್ಲಿನ ಬದಲು ಲಕೋಟೆ ಹಿಡಿದಿವೆ. 2011ರ ಆಗಸ್ಟ್‌ನಲ್ಲಿ ಬಿಜೆಪಿ ಶಾಸಕರು ಗುಪ್ತ ಮತದಾನದಲ್ಲಿ ಡಿ.ವಿ. ಸದಾನಂದ ಗೌಡರನ್ನು ಮುಖ್ಯಮಂತ್ರಿ ಸ್ಥಾನಕ್ಕೆ ಆರಿಸಿದರು, ಎದುರಾಳಿ ಜಗದೀಶ ಶೆಟ್ಟರ್. ವರ್ಷ ತುಂಬುವ ಮೊದಲೇ ಕುರ್ಚಿ ಶೆಟ್ಟರ್ ಅವರಿಗೆ ಹೋಯಿತು, ಯಡಿಯೂರಪ್ಪ ಪಕ್ಷ ಬಿಟ್ಟರು, 2013ರಲ್ಲಿ ಬಿಜೆಪಿ 40 ಸ್ಥಾನಕ್ಕೆ ಕುಸಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಎ.ಕೆ. ಆಂಟನಿ ಮುಂದೆ ಕಾಂಗ್ರೆಸ್ ಶಾಸಕರು ಚೀಟಿ ಹಾಕಿದರು. ಸಿದ್ದರಾಮಯ್ಯನವರ ಹೆಸರು ಹೊರಬಂತು, ಅವರಿಗೂ ಮಲ್ಲಿಕಾರ್ಜುನ ಖರ್ಗೆಯವರಿಗೂ ಬಿದ್ದ ಅಂಕಿಗಳು ಬರಲಿಲ್ಲ. ಹತ್ತು ವರ್ಷದ ಮೇಲೆ, 2023ರ ಮೇ 14ರಂದು, 135 ಸ್ಥಾನ ಗೆದ್ದ ಪಕ್ಷದ ಶಾಸಕರು ಬೆಂಗಳೂರಿನ ಹೋಟೆಲಿನಲ್ಲಿ ಸೇರಿ ಒಂದು ಸಾಲಿನ ನಿರ್ಣಯ ಮಾಡಿದರು: ಆಯ್ಕೆಯ ಅಧಿಕಾರ ಅಧ್ಯಕ್ಷರಿಗೆ. ಆ ಹೊತ್ತಿಗೆ ಅಧ್ಯಕ್ಷರು ಅದೇ ಖರ್ಗೆ. ಮೂವರು ವೀಕ್ಷಕರು ಶಾಸಕರ ಅಭಿಪ್ರಾಯ ಪಡೆದು ದೆಹಲಿಗೆ ಒಯ್ದರು. ಪ್ರಮಾಣವಚನ ನಡೆದದ್ದು 20ನೇ ತಾರೀಖು. ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ನಡುವೆ ಅವಧಿ ಹಂಚಿಕೆಯ ಮಾತಾಗಿತ್ತೇ ಇಲ್ಲವೇ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು. 2025ರ ಕೊನೆಗೆ ಇಬ್ಬರೂ ಒಬ್ಬರ ಮನೆಯಲ್ಲೊಬ್ಬರು ಉಪಾಹಾರ ಮಾಡಿ ಒಗ್ಗಟ್ಟು ತೋರಿಸಬೇಕಾಗಿ ಬಂತು. 1924ರ ಒಪ್ಪಂದ ಅಚ್ಚಿನಲ್ಲಿ ಸಿಗುತ್ತದೆ. ನೂರು ವರ್ಷದ ನಂತರದ್ದನ್ನು ಇಡ್ಲಿ ತಟ್ಟೆ ನೋಡಿ ಊಹಿಸಬೇಕು.

ಬೆಳಗಾವಿ ಜಿಲ್ಲೆಯ ಬಿಜೆಪಿಗೆ ಇನ್ನೂ ಒಂದು ಅವಕಾಶ ಸಿಕ್ಕಿತ್ತು. 2023ರ ಮಾರ್ಚ್ ಕೊನೆಗೆ ಪಕ್ಷವು ರಾಜ್ಯದ ಜಿಲ್ಲೆ ಜಿಲ್ಲೆಗಳಲ್ಲಿ ತನ್ನ ಪದಾಧಿಕಾರಿಗಳನ್ನು ಕರೆಸಿ, ತಮ್ಮ ಕ್ಷೇತ್ರಕ್ಕೆ ಯಾರು ಅಭ್ಯರ್ಥಿಯಾಗಬೇಕೆಂದು ಚೀಟಿ ಬರೆಸಿತು. ನಮ್ಮ ರಾಜಕಾರಣದಲ್ಲಿ ಇದು ಅಪರೂಪ, ಮೆಚ್ಚಬೇಕಾದದ್ದು. ಪೆಟ್ಟಿಗೆಗಳು ಬೆಂಗಳೂರಿಗೆ ಹೋದವು. ಏಪ್ರಿಲ್ 11ರಂದು ದೆಹಲಿಯಿಂದ 189 ಹೆಸರುಗಳ ಮೊದಲ ಪಟ್ಟಿ ಬಂತು. ಪಟ್ಟಿಯಲ್ಲಿ ಹೆಸರಿಲ್ಲದ ಅಥಣಿಯ ಲಕ್ಷ್ಮಣ ಸವದಿ ಮೂರೇ ದಿನದಲ್ಲಿ ಕಾಂಗ್ರೆಸ್ ಸೇರಿ, ಅಲ್ಲಿಂದಲೇ ಗೆದ್ದರು. ಜಿಲ್ಲೆಯ 18 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 11, ಬಿಜೆಪಿಗೆ 7.

ಬೈಲಹೊಂಗಲದಲ್ಲಿ ಮೆಟಗುಡ್ಡರಿಗೆ ಬಿದ್ದ ಮತವೆಷ್ಟು, ಪಾಟೀಲರಿಗೆ ಬಿದ್ದದ್ದೆಷ್ಟು ಎಂಬುದು ಮೇ 13ರಂದು ಚುನಾವಣಾ ಆಯೋಗದ ಮೇಜಿನ ಮೇಲೆ ಸುತ್ತು ಸುತ್ತಿಗೂ ಕೂಗಿ ಹೇಳಿದ ಲೆಕ್ಕ. ಮಾರ್ಚ್‌ನ ಪೆಟ್ಟಿಗೆಯಲ್ಲಿ ಅವರವರ ಹೆಸರಿಗೆ ಬಿದ್ದ ಚೀಟಿಗಳ ಲೆಕ್ಕವನ್ನು ಪಕ್ಷ ಹೊರಗೆ ಹೇಳಲಿಲ್ಲ.