ಗೃಹಾರೋಗ್ಯ: ಹೊಟ್ಟೆಯುರಿಯೂ ಹುಳಿಯಡಗಿಸುವ ಮಾತ್ರೆಗಳೂ

ನಮ್ಮ ಭಾಷೆಯಲ್ಲಿ ಹೊಟ್ಟೆಯುರಿ ಎಂಬ ಮಾತಿಗೆ ಎರಡರ್ಥವುಂಟು. ನೆರೆಯವರ ಏಳಿಗೆಯನ್ನು ಕಂಡು ಹುಟ್ಟುವ ಉರಿ ಒಂದು. ಹೊತ್ತು ಮೀರಿ ಉಂಡುದರಿಂದ ಹುಟ್ಟುವ ಉರಿ ಮತ್ತೊಂದು. ಮೊದಲನೆಯದಕ್ಕೆ ಯಾವ ಅಂಗಡಿಯಲ್ಲಿಯೂ ಮದ್ದು ದೊರೆಯದು. ಎರಡನೆಯದಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ದೊರೆಯುತ್ತಿದೆ. ಈ ತಿಂಗಳು ವಾಚಕರಲ್ಲಿ ಅರಿಕೆ ಮಾಡಬೇಕೆಂದಿರುವುದು ಈ ಎರಡನೆಯದರ ವಿಚಾರವನ್ನೇ.

ಜಯನಗರದ ನಾಲ್ಕನೆಯ ಬ್ಲಾಕಿನಲ್ಲಾಗಲಿ, ಬನಶಂಕರಿಯ ಯಾವುದಾದರೊಂದು ತಿರುವಿನಲ್ಲಾಗಲಿ, ಸಂಜೆಯ ಹೊತ್ತು ಔಷಧಿಯಂಗಡಿಯ ಮುಂದೆ ಕಾಲು ಗಂಟೆ ನಿಂತು ನೋಡಿರಿ. "ಗ್ಯಾಸಿಗೆ ಒಂದು ಪಟ್ಟಿ ಮಾತ್ರೆ ಕೊಡಿ" ಎಂಬ ಮಾತು ಕಿವಿಗೆ ಬೀಳದೆ ಇರಲಾರದು. ಕೇಳುವವರು ಚೀಟಿ ತಂದಿರುವುದಿಲ್ಲ. ಕೊಡುವವರು ಚೀಟಿ ಕೇಳುವುದೂ ಇಲ್ಲ. ಬಿಟಿಎಂ ಬಡಾವಣೆಯ ವಸತಿಗೃಹಗಳಲ್ಲಿ ರಾತ್ರಿ ಹನ್ನೊಂದಕ್ಕೆ ಉಂಡು ಹನ್ನೊಂದೂವರೆಗೆ ಮಲಗುವ ತರುಣರು, ಜೆ.ಪಿ. ನಗರದಲ್ಲಿ ವಿಶ್ರಾಂತಿವೇತನ ಪಡೆಯುತ್ತ ಬೆಳಗಿನ ಕಾಫಿಯೊಂದಿಗೆ ಮಾತ್ರೆಯನ್ನೂ ನಿತ್ಯಕರ್ಮವಾಗಿ ಮಾಡಿಕೊಂಡಿರುವ ಹಿರಿಯರು, ಮನೆಮಂದಿಗೆಲ್ಲ ಬಡಿಸಿ ಮೂರು ಗಂಟೆಗೆ ತಣ್ಣಗಾದ ಅನ್ನವನ್ನು ಉಣ್ಣುವ ಗೃಹಿಣಿಯರು, ಹೀಗೆ ಎಲ್ಲ ಬಗೆಯವರೂ ಈ ಗಿರಾಕಿಗಳಲ್ಲಿ ಇರುತ್ತಾರೆ. ಗ್ಯಾಸ್ಟ್ರಿಕ್ ಎಂಬ ಇಂಗ್ಲಿಷು ಪದಕ್ಕೆ ಜಠರಕ್ಕೆ ಸಂಬಂಧಿಸಿದುದು ಎಂಬಷ್ಟೇ ಅರ್ಥ. ನಮ್ಮ ಊರಿನಲ್ಲಿ ಅದು ಒಂದು ರೋಗದ ಹೆಸರಾಗಿಬಿಟ್ಟಿದೆ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಬೆನ್ನು ನೋವು, ತಲೆ ಸುತ್ತು, ಎಲ್ಲಕ್ಕೂ ಅದೊಂದೇ ಹೆಸರು. ಹೆಸರು ಒಂದೇ ಆದುದರಿಂದ ಮದ್ದೂ ಒಂದೇ. ಅನರ್ಥಕ್ಕೆ ಮೂಲವಿರುವುದು ಇಲ್ಲಿಯೇ.

ಜಠರದ ಆಮ್ಲವನ್ನು ನಾವು ಶತ್ರುವೆಂದು ಎಣಿಸಿದ್ದೇವೆ. ವಾಸ್ತವದಲ್ಲಿ ಅದು ಮನೆಯ ಬಾಗಿಲು ಕಾಯುವ ಆಳು. ದಿನವೊಂದಕ್ಕೆ ಸುಮಾರು ಎರಡು ಲೀಟರಿನಷ್ಟು ಜಠರರಸವು ಸ್ರವಿಸುತ್ತದೆ. ಅನ್ನದೊಂದಿಗೆ ಒಳಹೊಕ್ಕ ಕ್ರಿಮಿಗಳಲ್ಲಿ ಬಹುಪಾಲನ್ನು ಅದರ ಆಮ್ಲವು ಕೊಲ್ಲುತ್ತದೆ; ಬೇಳೆಕಾಳುಗಳ ಸಸಾರಜನಕವನ್ನು ಅರಗಿಸುವ ರಸಕ್ಕೆ ಚಾಲನೆ ಕೊಡುತ್ತದೆ; ಸೊಪ್ಪಿನಲ್ಲಿರುವ ಕಬ್ಬಿಣವು ರಕ್ತಕ್ಕೆ ಸೇರುವಂತೆ ಅದನ್ನು ಹದಗೊಳಿಸುತ್ತದೆ; ಆಹಾರಕ್ಕೆ ಅಂಟಿಕೊಂಡಿರುವ ಬಿ12 ಜೀವಸತ್ವವನ್ನು ಬಿಡಿಸಿಕೊಡುತ್ತದೆ. ಬಹುಮಟ್ಟಿಗೆ ಎದೆಯುರಿಯ ಕಾರಣವು ಆಮ್ಲ ಹೆಚ್ಚಾಗಿರುವುದಲ್ಲ. ಜಠರದಲ್ಲಿ ಇರತಕ್ಕ ಆಮ್ಲವು ಮೇಲಿನ ಅನ್ನನಾಳಕ್ಕೆ ಉಕ್ಕಿ ಬರುವುದು. ಕಾವಲುಗಾರನು ತಪ್ಪು ಅಂಗಳಕ್ಕೆ ಕಾಲಿಟ್ಟನೆಂದು ಅವನನ್ನು ವರ್ಷಗಟ್ಟಲೆ ಕಟ್ಟಿಹಾಕಬಹುದೆ?

ಅಂಗಡಿಯಲ್ಲಿ ದೊರೆಯುವ ಮದ್ದುಗಳಲ್ಲಿ ಮೂರು ಬಗೆ. ಇರುವ ಆಮ್ಲವನ್ನು ಆ ಕ್ಷಣಕ್ಕೆ ಅಳಿಸುವ ಕ್ಷಾರಗಳು ಮೊದಲನೆಯವು. ನೊರೆಯೆದ್ದು ಕುದಿಯುವ ಪುಡಿಗಳೂ, ಗುಲಾಬಿಬಣ್ಣದ ದ್ರವಗಳೂ, ಅಗಿಯುವ ಬಿಲ್ಲೆಗಳೂ ಈ ಜಾತಿಯವು. ಅಪರೂಪಕ್ಕೊಮ್ಮೆ ತೆಗೆದುಕೊಂಡರೆ ಆರೋಗ್ಯವಂತರಿಗೆ ಬಾಧಕವಿಲ್ಲ. ಆದರೆ ಫ್ರೂಟ್ ಸಾಲ್ಟ್ ಎಂಬ ಪುಡಿಯಲ್ಲಿ ಹೆಸರಿಗೆ ತಕ್ಕಂತೆ ಹಣ್ಣೇನೂ ಇಲ್ಲ. ಅಡಿಗೆಸೋಡವೂ ನಿಂಬೆಹುಳಿಯ ಆಮ್ಲವೂ ಮುಖ್ಯವಾಗಿ ಇರುವುವು. ಎರಡು ಗ್ರಾಂ ಸೋಡದಲ್ಲಿ 500 ಮಿಲಿಗ್ರಾಂಗೆ ಮೀರಿ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆಲ್ಲ ವಿಧಿಸಿರುವ ಮಿತಿ 2000 ಮಿಲಿಗ್ರಾಂ. ರಕ್ತದೊತ್ತಡಕ್ಕೆಂದು ಉಪ್ಪಿನಕಾಯಿಯನ್ನು ತ್ಯಜಿಸಿದ ಯಜಮಾನರು ದಿನಕ್ಕೆ ಎರಡು ಲೋಟ ಸೋಡ ಕುಡಿದರೆ ಆ ತ್ಯಾಗವೆಲ್ಲ ವ್ಯರ್ಥವಾಯಿತು. ಅಲ್ಯೂಮಿನಿಯಂ ಕ್ಷಾರವು ಮಲಬದ್ಧತೆಯನ್ನೂ ಮೆಗ್ನೀಸಿಯಂ ಕ್ಷಾರವು ಭೇದಿಯನ್ನೂ ತರುತ್ತವೆ. ಮೂತ್ರಪಿಂಡಗಳು ದುರ್ಬಲವಾಗಿರುವವರಲ್ಲಿ ಇವು ಶರೀರದಲ್ಲಿಯೇ ಉಳಿದು ಕೇಡು ಮಾಡಬಲ್ಲುವು. ಅಲ್ಲದೆ, ಥೈರಾಯಿಡ್ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಇವು ರಕ್ತಕ್ಕೆ ಸೇರಗೊಡುವುದಿಲ್ಲ. ಥೈರಾಯಿಡ್ ಮಾತ್ರೆಗೂ ಇವಕ್ಕೂ ನಾಲ್ಕು ಗಂಟೆಯ ಅಂತರವಿರತಕ್ಕದ್ದು.

ಎರಡನೆಯ ಬಗೆಗೆ ರ‍್ಯಾನಿಟಿಡೀನ್ ಹೆಸರಾದುದು. ಒಂದು ಕಾಲದಲ್ಲಿ ಇದು ಇಲ್ಲದ ಮನೆಯೇ ಇರಲಿಲ್ಲ. ಕ್ಯಾನ್ಸರಿಗೆ ಕಾರಣವಾಗಬಹುದಾದ ಎನ್‌ಡಿಎಂಎ ಎಂಬ ಕಲ್ಮಶವು 2019ರಲ್ಲಿ ಅದರಲ್ಲಿ ಕಂಡುಬಂದಿತು. 2020ರ ಏಪ್ರಿಲಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಅದನ್ನು ಪೇಟೆಯಿಂದ ಹಿಂದೆಗೆಸಿತು. 2022ರಲ್ಲಿ ಭಾರತದ ಅತ್ಯಾವಶ್ಯಕ ಔಷಧಗಳ ಪಟ್ಟಿಯಿಂದಲೂ ಅದರ ಹೆಸರು ಹೋಯಿತು. ಹಳೆಯ ಡಬ್ಬಿಯ ತಳದಲ್ಲಿ ಉಳಿದಿದ್ದರೆ ಗೃಹಿಣಿಯರು ಅದನ್ನು ತೆಗೆದುಹಾಕುವುದು ಲೇಸು.

ಇಂದು ರಾಜ್ಯವಾಳುತ್ತಿರುವುದು ಮೂರನೆಯ ಬಗೆ: ಓಮೆಪ್ರಜೋಲ್, ಪಾಂಟೊಪ್ರಜೋಲ್, ರಾಬೆಪ್ರಜೋಲ್ ಮೊದಲಾದುವು. ಇವು ಆಮ್ಲವು ಹುಟ್ಟುವ ಸ್ಥಾನವನ್ನೇ ಮುಚ್ಚುತ್ತವೆ. ಜಠರದ ಹುಣ್ಣಿನಲ್ಲಿಯೂ, ಅನ್ನನಾಳವು ಸುಟ್ಟು ಗಾಯವಾದಾಗಲೂ ಇವು ಅಮೂಲ್ಯವಾದ ಔಷಧಗಳೆಂಬುದರಲ್ಲಿ ಸಂದೇಹವಿಲ್ಲ. 1945ರ ಔಷಧ ನಿಯಮಗಳ ಎಚ್ ಅನುಸೂಚಿಯಂತೆ ಪಾಂಟೊಪ್ರಜೋಲನ್ನು ವೈದ್ಯರ ಚೀಟಿಯಿಲ್ಲದೆ ಮಾರತಕ್ಕದ್ದಲ್ಲ. ಓಮೆಪ್ರಜೋಲನ್ನು ಚೀಟಿಯಿಲ್ಲದೆ ಮಾರಲು 2003ರಲ್ಲಿ ಅನುಮತಿಯಿತ್ತ ಅಮೆರಿಕದಲ್ಲಿ ಕೂಡ, ಸತತವಾಗಿ 14 ದಿನಗಳಿಗಿಂತ ಹೆಚ್ಚು ನುಂಗಬಾರದು, ನಾಲ್ಕು ತಿಂಗಳೊಳಗೆ ಮತ್ತೆ ಪ್ರಾರಂಭಿಸಬಾರದು ಎಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ನಮ್ಮ ಮನೆಗಳಲ್ಲಿ ಹದಿನಾಲ್ಕು ದಿನವು ಹದಿನಾಲ್ಕು ವರ್ಷವಾದ ನಿದರ್ಶನಗಳನ್ನು ನಾವು ಬಲ್ಲೆವು.

ಹೀಗಾಗಲು ಒಂದು ಕಾರಣವುಂಟು. ಬಿಟ್ಟರೆ ಉರಿ ಮರುಕಳಿಸುತ್ತದೆ. ಮರುಕಳಿಸಿತೆಂದು ರೋಗಿಯು ಮತ್ತೆ ನುಂಗುತ್ತಾನೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕ್ ದೇಶದ ಒಂದು ಪರೀಕ್ಷೆಯು ಇದರ ಗುಟ್ಟನ್ನು ಬಯಲುಮಾಡಿತು. ಹೊಟ್ಟೆಯ ಯಾವ ದೂರೂ ಇಲ್ಲದ 120 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಎಂಟು ವಾರ ಈ ಜಾತಿಯ ಮಾತ್ರೆಯನ್ನು ಕೊಟ್ಟು, ಬಳಿಕ ಅವರಿಗೆ ತಿಳಿಯದಂತೆ ನಿಲ್ಲಿಸಿದರು. ನಿಲ್ಲಿಸಿದ ಮೇಲಿನ ನಾಲ್ಕು ವಾರಗಳಲ್ಲಿ ಅವರ ಪೈಕಿ ನೂರಕ್ಕೆ 44 ಮಂದಿಗೆ ಎದೆಯುರಿ, ಹುಳಿತೇಗು, ಅಜೀರ್ಣಗಳು ಕಾಣಿಸಿಕೊಂಡವು. ಬರಿಯ ಹುಸಿಮಾತ್ರೆ ನುಂಗಿದವರಲ್ಲಿ ನೂರಕ್ಕೆ 15 ಮಂದಿಗೆ ಮಾತ್ರ. ಅಂದರೆ ಇಲ್ಲದ ರೋಗವನ್ನು ಮದ್ದೇ ತಂದಿಟ್ಟಿತು. ಕಟ್ಟಿಹಾಕಿದ ನೀರು ತೂಬು ತೆಗೆದೊಡನೆ ರಭಸದಿಂದ ನುಗ್ಗುವಂತೆ, ತಡೆದ ಆಮ್ಲವು ತಡೆ ಹೋದೊಡನೆ ಮೊದಲಿಗಿಂತ ಹೆಚ್ಚಾಗಿ ಸ್ರವಿಸುತ್ತದೆ. ಈ ಉರಿಯು ಕೆಲವು ವಾರಗಳಲ್ಲಿ ತಾನಾಗಿ ಇಳಿಯತಕ್ಕುದು. ಆದರೆ ಇದನ್ನರಿಯದವನು ಜನ್ಮವಿಡೀ ಮಾತ್ರೆಯ ಋಣದಲ್ಲಿ ಉಳಿಯುತ್ತಾನೆ.

ನಮ್ಮ ದಕ್ಷಿಣ ಬೆಂಗಳೂರಿನ ಸಸ್ಯಾಹಾರಿ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಬಿ12 ಜೀವಸತ್ವವು ಸೊಪ್ಪು ತರಕಾರಿಗಳಲ್ಲಿ ಇಲ್ಲ. ನಮಗೆ ಅದು ದೊರೆಯುವುದು ಮುಖ್ಯವಾಗಿ ಹಾಲು ಮೊಸರುಗಳಿಂದ. ಮೊದಲೇ ಸಾಲದ ಆ ಅಲ್ಪವನ್ನು ಬಿಡಿಸಿಕೊಳ್ಳಲು ಆಮ್ಲವೂ ಇಲ್ಲವಾದರೆ ಗತಿಯೇನು? ಎರಡು ವರ್ಷ ಅಥವಾ ಅದಕ್ಕೆ ಮೀರಿ ಈ ಮಾತ್ರೆಗಳನ್ನು ಸೇವಿಸಿದವರಲ್ಲಿ ಬಿ12ರ ಕೊರತೆ ಹೆಚ್ಚಾಗಿ ಕಂಡುಬಂದಿತೆಂದು 2013ರಲ್ಲಿ ಅಮೆರಿಕದಿಂದ ವರದಿಯಾಯಿತು. ಸಕ್ಕರೆ ರೋಗಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರಿಗೆ ಅದರಿಂದಲೂ ಈ ಸತ್ವ ಕುಗ್ಗುತ್ತದೆ. ಪಾದಗಳು ಜೋಮು ಹಿಡಿಯುವುದು, ನಾಲಗೆ ಹುಣ್ಣಾಗುವುದು, ನಿತ್ರಾಣ, ಮರೆವು, ಇವುಗಳನ್ನು ನಾವು ವಯೋಧರ್ಮವೆಂದು ಸುಮ್ಮನಾಗುತ್ತೇವೆ. ಒಂದು ರಕ್ತಪರೀಕ್ಷೆಯಿಂದ ನಿಜವು ತಿಳಿಯುತ್ತದೆ. ಬೇಗನೆ ತಿಳಿದರೆ ಪರಿಹಾರವೂ ಸುಲಭ.

ಬೇರೆ ಎಚ್ಚರಿಕೆಗಳೂ ಬಂದಿವೆ. ಅಮೆರಿಕದ ಸಂಸ್ಥೆಯು 2010ರಲ್ಲಿ ಮೂಳೆ ಮುರಿತದ ವಿಷಯವಾಗಿಯೂ, 2011ರಲ್ಲಿ ರಕ್ತದ ಮೆಗ್ನೀಸಿಯಂ ಇಳಿಯುವ ವಿಷಯವಾಗಿಯೂ, 2012ರಲ್ಲಿ ಒಂದು ಬಗೆಯ ಘೋರ ಅತಿಸಾರದ ವಿಷಯವಾಗಿಯೂ ಎಚ್ಚರಿಸಿತು. 2019ರಲ್ಲಿ ಭಾರತದ ಔಷಧ ನಿಯಂತ್ರಕರು ಮೂತ್ರಪಿಂಡದ ಅಪಾಯವನ್ನು ಈ ಔಷಧಗಳ ವಿವರಪತ್ರದಲ್ಲಿ ನಮೂದಿಸಬೇಕೆಂದರು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ 2019ರಲ್ಲಿ, 17,000ಕ್ಕೂ ಮಿಕ್ಕ ರೋಗಿಗಳನ್ನು ಸುಮಾರು ಮೂರು ವರ್ಷ ನೋಡಿಕೊಂಡ ದೊಡ್ಡ ಪರೀಕ್ಷೆಯೊಂದರಲ್ಲಿ, ಕರುಳಿನ ಸೋಂಕೊಂದನ್ನು ಬಿಟ್ಟು ಮಿಕ್ಕ ಅಪಾಯಗಳು ಹೆಚ್ಚಾದುದು ಸ್ಪಷ್ಟವಾಗಿ ಕಾಣಲಿಲ್ಲ. ಆದುದರಿಂದ ವಾಚಕರು ಬೆದರಿ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಕಿಟಕಿಯಿಂದಾಚೆಗೆ ಎಸೆಯಬಾರದು. ಹೃದಯಕ್ಕೆಂದು ಆಸ್ಪಿರಿನ್ ಸೇವಿಸುವವರಿಗೂ, ಕೀಲುನೋವಿನ ಮಾತ್ರೆಗಳನ್ನು ಬಿಡಲಾರದವರಿಗೂ ಜಠರದ ರಕ್ತಸ್ರಾವವನ್ನು ತಡೆಯಲೆಂದೇ ಇದನ್ನು ಕೊಡುವುದುಂಟು. ನಮ್ಮ ಆಕ್ಷೇಪಣೆ ಮದ್ದಿನ ಮೇಲಲ್ಲ. ಕಾರಣವರಿಯದೆ, ಕಾಲಮಿತಿಯಿಲ್ಲದೆ ನುಂಗುವ ಅಭ್ಯಾಸದ ಮೇಲೆ.

ಆ ಅಭ್ಯಾಸದಿಂದಾಗುವ ಅತ್ಯಂತ ದೊಡ್ಡ ಹಾನಿಯು ಮಾತ್ರೆಯಿಂದ ಆಗುವುದಲ್ಲ. ಮಾತ್ರೆಯು ಕೊಡುವ ಹುಸಿ ಧೈರ್ಯದಿಂದ ಆಗುವುದು. ನಮ್ಮ ಮನೆಯಲ್ಲಿಯೇ ನಡೆದುದನ್ನು ಹೇಳುತ್ತೇನೆ. ಬನಶಂಕರಿಯಲ್ಲಿ ವಾಸವಾಗಿರುವ ನನ್ನ ಅಣ್ಣನವರಿಗೆ ಗ್ಯಾಸಿನ ದೂರು ಬಹುಕಾಲದ್ದು. ಮಾತ್ರೆಯ ಡಬ್ಬಿ ದೇವರ ಪಟದ ಪಕ್ಕದಲ್ಲಿಯೇ ಇರುತ್ತಿತ್ತು. ಒಂದು ರಾತ್ರಿ ಮದುವೆಯೂಟ ಮುಗಿಸಿ ಬಂದವರಿಗೆ ಎರಡು ಗಂಟೆಯ ಸಮಯದಲ್ಲಿ ಎದೆಯ ನಡುವೆ ಉರಿ, ಒತ್ತಿದಂತೆ ಭಾರ, ಮೈಯೆಲ್ಲ ಬೆವರು. ಅತ್ತಿಗೆಯವರು ಗಾಬರಿಯಿಂದ ಆಸ್ಪತ್ರೆಗೆ ಹೋಗೋಣವೆಂದರು. ಅಣ್ಣನವರು ನಕ್ಕು, ಸೋಡ ಕುಡಿದು, ಜೋರಾಗಿ ತೇಗಿ, "ನೋಡು, ಹೋಯಿತು" ಎಂದು ಮಲಗಿದರು. ಬೆಳಿಗ್ಗೆ ಏಳು ಗಂಟೆಗೆ ಏಳಲಾರದೆ ಹೋದಾಗ ಕರೆದೊಯ್ದೆವು. ಅದು ಹೃದಯಾಘಾತ. ಪ್ರಾಣ ಉಳಿಯಿತು, ಆದರೆ ಆ ಐದು ಗಂಟೆಗಳಲ್ಲಿ ಸತ್ತ ಹೃದಯದ ಭಾಗವು ಮರಳಿ ಬರಲಿಲ್ಲ. ಸಂಜೆಯ ಹೊತ್ತು ದೇವಗಿರಿ ದೇವಸ್ಥಾನದ ಮೆಟ್ಟಿಲು ಹತ್ತುತ್ತಿದ್ದವರು ಈಗ ಮನೆಯ ಮಹಡಿಗೂ ನಿಂತು ನಿಂತು ಹತ್ತುತ್ತಾರೆ. ತೇಗು ಬಂದುದು ಸೋಡದಿಂದ ಹುಟ್ಟಿದ ಗಾಳಿಯೇ ಹೊರತು ರೋಗದ ನಿರ್ಗಮನವಲ್ಲವೆಂದು ಅಂದು ಹೇಳುವವರಿರಲಿಲ್ಲ.

2025ರ ಜೂನ್ ಜುಲೈಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಹರಡಿದಾಗ, ಏನೂ ಆಗದವರು ಕೂಡ ಪರೀಕ್ಷೆಗೆಂದು ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಸಾಲುಗಟ್ಟಿದರು. ಭಯದಲ್ಲಿ ತೋರಿದ ಆ ಆತುರವನ್ನು ನಿಜವಾದ ಲಕ್ಷಣ ಕಂಡ ರಾತ್ರಿ ತೋರಿದರೆ ಎಷ್ಟೋ ಮನೆಗಳು ಉಳಿದಾವು. ಎದೆಯಲ್ಲಿ ಭಾರ ಅಥವಾ ಉರಿ ಹುಟ್ಟಿ ತೋಳಿಗೋ ದವಡೆಗೋ ಬೆನ್ನಿಗೋ ಹರಡಿದರೆ, ಜೊತೆಗೆ ಬೆವರು, ಉಬ್ಬಸ, ವಾಕರಿಕೆಗಳಿದ್ದರೆ, ಮಾತ್ರೆಯ ಡಬ್ಬಿಯನ್ನು ಹುಡುಕದೆ 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ ಹೃದಯದ ಇ.ಸಿ.ಜಿ. ಮಾಡಿಸತಕ್ಕದ್ದು. ಸ್ತ್ರೀಯರಲ್ಲಿಯೂ ಸಕ್ಕರೆ ರೋಗಿಗಳಲ್ಲಿಯೂ ನೋವಿಲ್ಲದೆ ಬರಿಯ ಆಯಾಸ, ಅಜೀರ್ಣಗಳ ವೇಷದಲ್ಲಿ ಇದು ಬರುವುದುಂಟು.

ಮರೆಯಲ್ಲಿ ಅಡಗುವ ರೋಗಗಳು ಇನ್ನೂ ಇವೆ. ಜಠರದ ಹುಣ್ಣುಗಳಲ್ಲಿ ಬಹುಪಾಲು ಒಂದು ಕ್ರಿಮಿಯಿಂದ ಆಗುವುದೆಂದು ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಎಂಬ ವೈದ್ಯರು ತೋರಿಸಿಕೊಟ್ಟು 2005ರಲ್ಲಿ ನೊಬೆಲ್ ಬಹುಮಾನ ಪಡೆದರು. ಆ ಕ್ರಿಮಿಯನ್ನು ಎರಡು ವಾರಗಳ ಚಿಕಿತ್ಸೆಯಿಂದ ಸಾಮಾನ್ಯವಾಗಿ ನಿರ್ಮೂಲ ಮಾಡಬಹುದಾಗಿರುವಾಗ ಹತ್ತು ವರ್ಷ ಉರಿಯನ್ನಷ್ಟೇ ಆರಿಸುತ್ತ ಕೂಡುವುದೇತಕ್ಕೆ? ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ಮೈ ಇಳಿಯುವುದು, ಮಲವು ಡಾಂಬರಿನಂತೆ ಕಪ್ಪಾಗುವುದು, ವಾಂತಿಯಲ್ಲಿ ರಕ್ತ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ತೊಡಗಿದ ಹೊಟ್ಟೆನೋವು, ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಾಣಲು ತಡಮಾಡಕೂಡದು.

ಇನ್ನು ಮನೆಯಲ್ಲಿ ಮಾಡತಕ್ಕುದೇನು? ರಾತ್ರಿಯ ಊಟವು ಮಲಗುವುದಕ್ಕೆ ಮೂರು ಗಂಟೆ ಮುಂಚೆ ಮುಗಿದಿರಲಿ. ಮಂಚದ ತಲೆಯ ಕಡೆಯ ಕಾಲುಗಳಿಗೆ ಅರ್ಧ ಅಡಿ ಎತ್ತರದ ಒತ್ತು ಕೊಡಿರಿ, ಎಡಮಗ್ಗುಲಾಗಿ ಮಲಗಿರಿ. ಸೊಂಟದ ಸುತ್ತಳತೆ ಇಳಿದರೆ ಉರಿಯೂ ಇಳಿಯುತ್ತದೆ. ಹೊಗೆಸೊಪ್ಪನ್ನು ಬಿಡಿರಿ. ಕಾಫಿಯೂ ಕರಿದ ತಿಂಡಿಯೂ ಯಾರಿಗೆ ಉರಿ ತರುವುದೋ ಅವರು ಮಾತ್ರ ಮಿತಗೊಳಿಸಿದರೆ ಸಾಕು. ಎಲ್ಲರೂ ವ್ರತ ಹಿಡಿಯಬೇಕಾಗಿಲ್ಲ. ಗೃಹಿಣಿಯು ಎಲ್ಲರೊಡನೆ ಕುಳಿತು ಉಣ್ಣಲಿ. ವೈದ್ಯರು ಮಾತ್ರೆ ಬರೆದರೆ, "ಎಷ್ಟು ದಿನ? ಯಾವಾಗ ನಿಲ್ಲಿಸಬೇಕು?" ಎಂದು ಸಂಕೋಚಪಡದೆ ಕೇಳಿರಿ, ಉಪಾಹಾರಕ್ಕೆ ಅರ್ಧ ಗಂಟೆ ಮೊದಲು ಸೇವಿಸಿರಿ. ಬಹುಕಾಲದಿಂದ ನುಂಗುತ್ತಿರುವವರು ವೈದ್ಯರ ಸಲಹೆಯಂತೆ ಪ್ರಮಾಣವನ್ನು ತಗ್ಗಿಸುತ್ತ ಬಂದು ಬಿಡುವುದು ಮೇಲು.

ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಹೇಳಿದರು. ಮಾತ್ರೆ ಬಲ್ಲವನಿಗೆ ಎಂದು ಹೇಳಲಿಲ್ಲ. ಈ ಲೇಖನವನ್ನೋದಿದ ಗೃಹಸ್ಥರು ಇಂದು ರಾತ್ರಿಯೇ ತಮ್ಮ ಮನೆಯ ಔಷಧದ ಡಬ್ಬಿಯನ್ನು ತೆರೆದು, ಅದರಲ್ಲಿರುವ ಒಂದೊಂದು ಪಟ್ಟಿಯನ್ನೂ ಯಾರು, ಯಾತಕ್ಕಾಗಿ, ಎಂದಿನಿಂದ ನುಂಗುತ್ತಿರುವರೆಂದು ವಿಚಾರಿಸಲಿ. ಉತ್ತರ ದೊರೆಯದ ಪಟ್ಟಿಯನ್ನು ನಾಳೆ ವೈದ್ಯರ ಮುಂದಿಟ್ಟು ಕೇಳಲಿ. ನನ್ನ ಅಣ್ಣನವರ ಮನೆಯ ದೇವರ ಪಟದ ಪಕ್ಕದಲ್ಲಿ ಈಗ ಡಬ್ಬಿಯಿಲ್ಲ. 108 ಎಂಬ ಅಂಕಿಯನ್ನು ಅತ್ತಿಗೆಯವರು ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದಾರೆ.