ನಡುವೆ ಜಾರಿದ ಗುಂಡು

ಕಳೆದ ಶುಕ್ರವಾರ ರಾತ್ರಿ ಹತ್ತೂವರೆಗೆ ಗೆಳೆಯನ ಫೋನು. ಹಲೋ ಗಿಲೋ ಏನೂ ಇಲ್ಲ. "ಮಗಾ, ಪ್ರಾಜೆಕ್ಟ್ ಮುಚ್ಚಿಬಿಟ್ರು ಕಣೋ" ಅಂದ.

ಎರಡು ವರ್ಷ ಆ ಪ್ರಾಡಕ್ಟ್‌ಗಾಗಿ ದುಡಿದಿದ್ದ. ತನ್ನ ಮದುವೆಯ ಹಿಂದಿನ ದಿನ ಚಪ್ಪರದ ಮೂಲೆಯಲ್ಲಿ ಕೂತು, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಬಗ್ ಸರಿಮಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೀನಿ. ಬಳಸಿದವರು ಚೆನ್ನಾಗಿದೆ ಅಂದಿದ್ದರು. ಆದರೂ ಹದಿನೈದು ನಿಮಿಷದ ಒಂದು ಮೀಟಿಂಗ್‌ನಲ್ಲಿ ಎಲ್ಲ ಮುಗಿದಿತ್ತು. ಕೆಲಸ ಹೋಗಿಲ್ಲ, ಬೇರೆ ಟೀಮಿಗೆ ಹಾಕಿದ್ದಾರೆ. ಆದರೆ ಅವನನ್ನು ಕೊರೀತಿದ್ದದ್ದು ಅದಲ್ಲ. "ನಾನೆಲ್ಲಿ ಎಡವಿದೆ ಹೇಳೋ" ಅಂತ ಮೂರು ಸಲ ಕೇಳಿದ.

ನನಗೆ ಸಮಾಧಾನ ಹೇಳೋಕೆ ಬರಲ್ಲ. ಮಾತು ತಪ್ಪಿಸೋಕೆ, "ಸ್ಕೂಲ್ ಲ್ಯಾಬಲ್ಲಿ ಪಿನ್‌ಬಾಲ್ ಆಡ್ತಿದ್ವಲ್ಲ, ನೆನಪಿದ್ಯಾ?" ಅಂದೆ. ಆ ಕಡೆಯಿಂದ ಸಣ್ಣ ನಗು ಕೇಳಿಸಿತು.

ನಿಮ್ಮಲ್ಲೂ ಕೆಲವರಿಗೆ ನೆನಪಿರುತ್ತೆ. ವಿಂಡೋಸ್ ಎಕ್ಸ್‌ಪಿ ಜೊತೆ ಪುಕ್ಕಟೆ ಬರ್ತಿದ್ದ 'ಸ್ಪೇಸ್ ಕೆಡೆಟ್'. ಝಡ್ ಕೀ ಒತ್ತಿದರೆ ಎಡಗಡೆಯ ಫ್ಲಿಪ್ಪರ್, ಸ್ಲ್ಯಾಶ್ ಕೀ ಒತ್ತಿದರೆ ಬಲಗಡೆಯದು. ಮೇಡಂ ಬಾಗಿಲಲ್ಲಿ ಕಂಡ ಕೂಡಲೇ ಎಕ್ಸೆಲ್ ಶೀಟು ಮುಂದೆ ಬರ್ತಿತ್ತು. ನನಗಂತೂ ಆ ಆಟದ ಹುಚ್ಚು ಇನ್ನೂ ಬಿಟ್ಟಿಲ್ಲ. ನಿದ್ದೆ ಬಾರದ ರಾತ್ರಿಗಳಲ್ಲಿ ಹಳೆಯ ಪಿನ್‌ಬಾಲ್ ಯಂತ್ರಗಳ ಬಗ್ಗೆ ಓದ್ತಾ ಕೂರ್ತೀನಿ. ಅದರಲ್ಲೂ ಸೋತುಹೋದ ವಿಚಿತ್ರ ಯಂತ್ರಗಳೆಂದರೆ ಭಾರಿ ಇಷ್ಟ. ಅವತ್ತು ಗೆಳೆಯನಿಗೆ ಹೇಳಿದ್ದು ಅವುಗಳ ಕಥೆಯನ್ನೇ.

ಅದಕ್ಕೂ ಮೊದಲು ಸ್ವಲ್ಪ ಹಿನ್ನೆಲೆ. ಅಜ್ಜಿ ಮನೆ ಅಟ್ಟದ ಮೇಲೆ ಮೊಳೆ ಹೊಡೆದ ಮರದ ಹಲಗೆಯೊಂದನ್ನು ನೀವು ನೋಡಿರಬಹುದು. ಸ್ಪ್ರಿಂಗ್ ಎಳೆದು ಬಿಟ್ಟರೆ ಗೋಲಿ ಓಡಿಹೋಗಿ, ಮೊಳೆಗಳಿಗೆ ಬಡಿದು, ಯಾವುದೋ ನಂಬರಿನ ಗೂಡಲ್ಲಿ ಕೂರುತ್ತೆ. ಅದೇ ಬ್ಯಾಗಟೆಲ್. ಪಿನ್‌ಬಾಲ್ ಹುಟ್ಟಿದ್ದು ಅದರಿಂದಲೇ. ಅಮೆರಿಕದಲ್ಲಿ ಮಾಂಟೆಗ್ಯೂ ರೆಡ್‌ಗ್ರೇವ್ ಎಂಬಾತ 1871ರಲ್ಲೇ ಸುಧಾರಿಸಿದ ಬ್ಯಾಗಟೆಲ್‌ಗೆ ಪೇಟೆಂಟ್ ಪಡೆದಿದ್ದ. ಮುಂದೆ ಕಾಸು ಹಾಕಿ ಆಡುವ ಯಂತ್ರಗಳು ಬಂದವು. ಆದರೆ ಆಗಿನ ಆಟದಲ್ಲಿ ಗುಂಡು ಬಿಟ್ಟ ಮೇಲೆ ಆಡುವವನಿಗೆ ಹೆಚ್ಚು ಕೆಲಸ ಇರಲಿಲ್ಲ. ಯಂತ್ರವನ್ನು ಒಂಚೂರು ಅಲುಗಿಸೋದು, ದೇವರ ಹೆಸರು ಹೇಳೋದು, ಅಷ್ಟೇ.

ಹಾಗಾಗಿ ಇದು ಆಟವಲ್ಲ, ಜೂಜು ಅನ್ನೋ ಮಾತು ಬಂತು. ನ್ಯೂಯಾರ್ಕ್ ನಗರ 1942ರಲ್ಲಿ ಪಿನ್‌ಬಾಲ್ ನಿಷೇಧಿಸಿತು. ಮೇಯರ್ ಲಗಾರ್ಡಿಯಾ ತಾವೇ ಸುತ್ತಿಗೆ ಹಿಡಿದು ಯಂತ್ರಗಳನ್ನು ಒಡೆದರು.

1947ರಲ್ಲಿ ಗಾಟ್ಲೀಬ್ ಕಂಪನಿಯ 'ಹಂಪ್ಟಿ ಡಂಪ್ಟಿ' ಬಂದಾಗ ಆಟದ ಸ್ವರೂಪವೇ ಬದಲಾಯಿತು. ಹ್ಯಾರಿ ಮ್ಯಾಬ್ಸ್ ರೂಪಿಸಿದ ಆ ಯಂತ್ರದಲ್ಲಿ ಆರು ಫ್ಲಿಪ್ಪರ್‌ಗಳಿದ್ದವು. ಬೀಳುವ ಗುಂಡನ್ನು ತಡೆದು ಮತ್ತೆ ಮೇಲಕ್ಕೆ ಹೊಡೆಯುವ ಅವಕಾಶ ಆಡುವವನ ಕೈಗೆ ಬಂತು. ಅಷ್ಟಾದರೂ ನ್ಯೂಯಾರ್ಕಿನ ನಿಷೇಧ ಹೋಗಿದ್ದು 1976ರಲ್ಲಿ. ರೋಜರ್ ಶಾರ್ಪ್ ಎಂಬ ಪತ್ರಕರ್ತ ನಗರಸಭೆಯವರ ಎದುರೇ ಯಂತ್ರದ ಮುಂದೆ ನಿಂತು, ಗುಂಡು ಯಾವ ಸಂದಿಯಲ್ಲಿ ಹೋಗುತ್ತೆ ಅಂತ ಮೊದಲೇ ಹೇಳಿ, ಹಾಗೇ ಹೊಡೆದು ತೋರಿಸಿದ. ಇದರಲ್ಲಿ ಕೈಚಳಕ ಇದೆ ಅಂತ ಅವರು ಒಪ್ಪಿದರು.

ಆದರೆ ಪಿನ್‌ಬಾಲ್‌ನ ಖುಷಿ ಹೆಚ್ಚು ದಿನ ಉಳಿಯಲಿಲ್ಲ. 1978ರಲ್ಲಿ 'ಸ್ಪೇಸ್ ಇನ್ವೇಡರ್ಸ್', 1980ರಲ್ಲಿ 'ಪ್ಯಾಕ್-ಮ್ಯಾನ್' ಬಂದವು. ಹುಡುಗರ ಕಾಸೆಲ್ಲ ವಿಡಿಯೋ ಗೇಮ್‌ಗಳ ಡಬ್ಬಿಗೆ ಬೀಳತೊಡಗಿತು. ಹೇಗಾದರೂ ಜನರನ್ನು ಹಿಡಿದು ನಿಲ್ಲಿಸಬೇಕು ಅಂತ ಪಿನ್‌ಬಾಲ್ ಕಂಪನಿಗಳು ತರಹೇವಾರಿ ಸರ್ಕಸ್ ಮಾಡಿದವು.

ಅಟಾರಿ ಕಂಪನಿ 1979ರಲ್ಲಿ 'ಹರ್ಕ್ಯುಲಿಸ್' ತಂದಿತು. ಸುಮಾರು ಏಳಡಿ ಎತ್ತರ, ಹೆಚ್ಚುಕಡಿಮೆ ಎಂಟಡಿ ಉದ್ದ. ಸಾಮಾನ್ಯ ಪಿನ್‌ಬಾಲ್‌ನ ಉಕ್ಕಿನ ಗುಂಡು ಒಂದಿಂಚಿಗಿಂತ ಸ್ವಲ್ಪ ದಪ್ಪ ಇರುತ್ತೆ. ಇದರಲ್ಲಿ ಓಡುತ್ತಿದ್ದದ್ದು ಬಿಲಿಯರ್ಡ್ಸ್ ಚೆಂಡಿನಷ್ಟು ದೊಡ್ಡ ಚೆಂಡು. ದೂರದಿಂದ ನೋಡೋಕೆ ಜಾತ್ರೆಯ ತೇರು. ಆಡೋಕೆ ನಿಂತರೆ ಎಲ್ಲವೂ ನಿಧಾನ. ಒಮ್ಮೆ ಬೆರಗಿಗಾಗಿ ಕಾಸು ಹಾಕಬಹುದು, ಎರಡನೇ ಸಲ ಹಾಕಬೇಕು ಅಂತ ಅನ್ನಿಸಬೇಕಲ್ಲ? ಅಟಾರಿ ಮಾರುಕಟ್ಟೆಗೆ ತಂದ ಕೊನೆಯ ಪಿನ್‌ಬಾಲ್ ಅದೇ ಆಯಿತು.

1982ರಲ್ಲಿ ಸ್ಟರ್ನ್ ಕಂಪನಿ 'ಆರ್ಬಿಟರ್ 1' ತಂದಿತು. ಇದರ ಆಟದ ಮೈದಾನ ಚಪ್ಪಟೆ ಅಲ್ಲ. ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಚಂದ್ರನ ಮೇಲ್ಮೈ ಥರ ಗುಂಡಿ, ದಿಬ್ಬ ಮಾಡಿದ್ದರು. ಗುಂಡು ನೇರವಾಗಿ ಹೋಗದೆ, ಗ್ರಹ ಸುತ್ತುವ ಉಪಗ್ರಹದ ಹಾಗೆ ವಾಲಿಕೊಂಡು ಹೋಗುತ್ತಿತ್ತು. ನೋಡೋಕೆ ಚೆಂದ. ಆದರೆ ನೀವು ಗುರಿಯಿಟ್ಟಿದ್ದು ಒಂದು ಕಡೆ, ಅದು ಹೋಗೋದು ಇನ್ನೊಂದು ಕಡೆ. ಫ್ಲಿಪ್ಪರ್ ಕೊಟ್ಟಿದ್ದ ಹಿಡಿತವನ್ನು ಈ ಗುಂಡಿ-ದಿಬ್ಬಗಳು ವಾಪಸ್ ಕಿತ್ತುಕೊಂಡವು. ಸಾವಿರ ಯಂತ್ರಗಳೂ ತಯಾರಾಗಲಿಲ್ಲ.

ಅದೇ ವರ್ಷ ಬ್ಯಾಲಿ ಕಂಪನಿಯವರು 'ಬೇಬಿ ಪ್ಯಾಕ್-ಮ್ಯಾನ್' ಮಾಡಿದರು. ಮೇಲೆ ಟಿವಿ ಪರದೆ, ಕೆಳಗೆ ಪುಟ್ಟ ಪಿನ್‌ಬಾಲ್. ಮೇಲಿನ ಚಕ್ರವ್ಯೂಹದಲ್ಲಿ ದೆವ್ವಗಳನ್ನು ತಿನ್ನೋ ಶಕ್ತಿ ಬೇಕಾದರೆ, ಕೆಳಗಿಳಿದು ಪಿನ್‌ಬಾಲ್ ಆಡಿ ಸಂಪಾದಿಸಬೇಕು. ಒಂದೇ ಟಿಕೆಟ್‌ಗೆ ಎರಡು ಸಿನಿಮಾ. ತಮಾಷೆಯಾಗೇ ಇತ್ತು. ಆದರೆ ಒಂದು ಆಟಕ್ಕೆ ಕೈ ಕುದುರುವ ಹೊತ್ತಿಗೆ ಇನ್ನೊಂದಕ್ಕೆ ಜಿಗಿಯಬೇಕು. ಕೆಟ್ಟುನಿಂತರೆ ಎರಡೂ ಬಗೆಯ ರಿಪೇರಿ ಗೊತ್ತಿರೋರು ಬೇಕು.

ಇಲ್ಲಿಯವರೆಗೆ ಕೇಳಿ ಗೆಳೆಯ, "ಅಂದ್ರೆ ನಮ್ಮದೂ ಹರ್ಕ್ಯುಲಿಸ್ ಅಂತೀಯಾ?" ಅಂದ. ಇನ್ನೊಂದು ಕಥೆ ಬಾಕಿ ಇದೆ, ಇರೋ ಅಂದೆ.

ಷಿಕಾಗೋದ ವಿಲಿಯಮ್ಸ್ ಕಂಪನಿ. ತೊಂಬತ್ತರ ದಶಕದ ಕೊನೆಯಲ್ಲಿ ಪಿನ್‌ಬಾಲ್ ಮಾರಾಟ ನೆಲಕಚ್ಚಿತ್ತು. ಹೊಸದೇನಾದರೂ ಮಾಡಿ ತೋರಿಸಲೇಬೇಕು ಅನ್ನೋ ಒತ್ತಡ. ಜಾರ್ಜ್ ಗೋಮೆಜ್ ಮತ್ತು ಪ್ಯಾಟ್ ಲಾಲರ್ ಎಂಬ ಇಬ್ಬರು ವಿನ್ಯಾಸಕಾರರಿಗೆ ಒಂದು ಉಪಾಯ ಹೊಳೆಯಿತು. ಯಂತ್ರದ ತಲೆಭಾಗದಲ್ಲಿ ಮಾನಿಟರ್ ಇಟ್ಟು, ಅದರ ಚಿತ್ರ ಆಟದ ಮೇಲಿನ ಗಾಜಿನಲ್ಲಿ ಪ್ರತಿಫಲಿಸೋ ಹಾಗೆ ಮಾಡಿದರು. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಮ್ಮ ಮುಖ ಹೊರಗಡೆ ತೇಲಿದಂತೆ ಕಾಣುತ್ತಲ್ಲ, ಆ ಥರ. ನಿಜವಾದ ಉಕ್ಕಿನ ಗುಂಡು ಓಡುವ ಜಾಗದಲ್ಲೇ ಮಂಗಳ ಗ್ರಹದವರು ಕುಣಿಯುತ್ತಿದ್ದರು. ಗುಂಡು ತಾಗಿದರೆ ಸಿಡಿದು ಚೂರಾಗುತ್ತಿದ್ದರು. ಫ್ಲಿಪ್ಪರ್ ಹಾಗೇ ಇತ್ತು, ಗುರಿ ಹಾಗೇ ಇತ್ತು, ಹಿಡಿತ ಆಡುವವನ ಕೈಯಲ್ಲೇ ಇತ್ತು. ಹಿಂದಿನವರು ಮಾಡಿದ ತಪ್ಪು ಯಾವುದನ್ನೂ ಇವರು ಮಾಡಲಿಲ್ಲ.

ಇದಕ್ಕೆ 'ಪಿನ್‌ಬಾಲ್ 2000' ಅಂತ ಹೆಸರು. 1999ರಲ್ಲಿ ಬಂದ ಮೊದಲ ಆಟ 'ರಿವೆಂಜ್ ಫ್ರಮ್ ಮಾರ್ಸ್' ಆರು ಸಾವಿರಕ್ಕೂ ಹೆಚ್ಚು ಮಾರಾಟವಾಯಿತು. ಹಿಂದೆಯೇ 'ಸ್ಟಾರ್ ವಾರ್ಸ್' ಆಟವೂ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಂಪನಿ ತನ್ನ ಪಿನ್‌ಬಾಲ್ ವಿಭಾಗವನ್ನೇ ಮುಚ್ಚಿತು. ಕ್ಯಾಸಿನೋಗಳ ಸ್ಲಾಟ್ ಯಂತ್ರಗಳಲ್ಲಿ ಲಾಭ ಚೆನ್ನಾಗಿತ್ತು, ಕಂಪನಿ ಅತ್ತ ವಾಲಿತು. ಅಂದರೆ ಕೈಚಳಕದ ಯಂತ್ರ ಹೋಯಿತು, ಅದೃಷ್ಟದ ಯಂತ್ರ ಉಳಿಯಿತು.

ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಇಬ್ಬರು ಏನಾದ್ರು?" ಅಂತ ಕೇಳಿದ. ಗೋಮೆಜ್ ಪಿನ್‌ಬಾಲ್ ಬಿಡಲಿಲ್ಲ. ಸ್ಟರ್ನ್ ಹೆಸರಿನ ಕಂಪನಿಗಾಗಿ 2003ರಲ್ಲಿ 'ಲಾರ್ಡ್ ಆಫ್ ದಿ ರಿಂಗ್ಸ್' ಮಾಡಿದ. ಪಿನ್‌ಬಾಲ್ ಪ್ರಿಯರು ಈಗಲೂ ಹುಡುಕಿಕೊಂಡು ಹೋಗಿ ಆಡೋ ಯಂತ್ರ ಅದು. ಲಾಲರ್ ಕೂಡ ಮತ್ತೆ ಯಂತ್ರಗಳನ್ನು ರೂಪಿಸಿದ.

ಪಿನ್‌ಬಾಲ್ ಆಡೋರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತೆ. ಗುಂಡು ಕಳೆದುಕೊಳ್ಳೋದು ಎರಡು ಥರ. ಫ್ಲಿಪ್ಪರ್‌ನ್ನು ಒಂದು ಕ್ಷಣ ಮೊದಲೇ ಒತ್ತಿದ್ದೋ, ಗಾಬರಿಯಲ್ಲಿ ಎರಡನ್ನೂ ಒಟ್ಟಿಗೆ ಎತ್ತಿದ್ದೋ ನಮ್ಮ ತಪ್ಪು. ಮುಂದಿನ ಗುಂಡಿಗೆ ತಿದ್ದಿಕೊಳ್ಳಬಹುದು. ಆದರೆ ಕೆಲವು ಸಲ ಗುಂಡು ಎರಡು ಫ್ಲಿಪ್ಪರ್‌ಗಳ ಸರಿಯಾಗಿ ನಡುವೆ, ಯಾವುದಕ್ಕೂ ತಾಗದೆ ಜಾರಿಹೋಗುತ್ತೆ. ಆಗ ಯಂತ್ರವನ್ನು ಮೆಲ್ಲಗೆ ಅಲುಗಿಸಿ ನೋಡಬಹುದು. ಜೋರಾಗಿ ಗುದ್ದಿದರೆ ಒಳಗೆ ನೇತುಹಾಕಿರೋ ಲೋಲಕ ಸುತ್ತಲಿನ ಬಳೆಗೆ ತಾಗಿ 'ಟಿಲ್ಟ್' ಅಂತ ಬರುತ್ತೆ. ಫ್ಲಿಪ್ಪರ್‌ಗಳು ಸತ್ತುಹೋಗುತ್ತವೆ. ಗುಂಡೂ ಹೋಯ್ತು, ಬೋನಸ್ಸೂ ಹೋಯ್ತು.

"ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಬೇಡ ಕಣೋ" ಅಂದೆ. "ಎಲ್ಲ ಹಣೆಬರಹ ಅಂದ್ರೆ ಏನೂ ಕಲಿಯಲ್ಲ. ಎಲ್ಲ ನನ್ನ ತಪ್ಪು ಅಂದ್ರೆ ಮುಂದಿನ ಗುಂಡು ಬಂದಾಗ ಕೈಯೇ ಏಳಲ್ಲ."

ಅವನು "ಹೂಂ" ಅಂದು ಫೋನಿಟ್ಟ. ಸಮಾಧಾನ ಆಯ್ತೋ ಇಲ್ಲವೋ ಗೊತ್ತಾಗಲಿಲ್ಲ.

ಭಾನುವಾರ ಬೆಳಿಗ್ಗೆ ವಾಟ್ಸ್ಯಾಪ್‌ನಲ್ಲಿ ಒಂದು ಫೋಟೋ ಬಂತು. ಹಳೇ ನೋಟ್‌ಬುಕ್ಕಿನ ಹಾಳೆ, ನಡುವೆ ಒಂದು ಗೆರೆ. ಎಡಗಡೆ 'ನಂದು' ಅಂತ ಬರೆದು ಕೆಳಗೆ ಮೂರು ಸಾಲು. ಟೆಸ್ಟಿಂಗ್ ತಡವಾಗಿ ಶುರು ಮಾಡಿದ್ದು. ಸೇಲ್ಸ್‌ನವರ ಮಾತು ಕೇಳದೇ ಇದ್ದದ್ದು. ಮದುವೆ ಹಿಂದಿನ ದಿನವೂ ರಜೆ ಹಾಕದೇ ಇದ್ದದ್ದು. ಬಲಗಡೆ 'ನಡುವೆ ಜಾರಿದ್ದು' ಅಂತ ಬರೆದು ಒಂದೇ ಸಾಲು: ಆ ಹದಿನೈದು ನಿಮಿಷದ ಮೀಟಿಂಗ್.

ಕೆಳಗೆ ಅವನ ಮೆಸೇಜ್: "ನಾಳೆಯಿಂದ ಹೊಸ ಟೀಮ್. ಆ ಸ್ಪೇಸ್ ಕೆಡೆಟ್ ಈಗ ಎಲ್ಲಿ ಸಿಗುತ್ತೆ?"