ಹಿಡನ್ ಜೆಮ್ ಅಲ್ಲಪಾ, ಅದು ಖಾನಾವಳಿ

1/8
ದೋಸ್ತರ, ಈ ಸಲ ಫೋಟೋ ಚಂದ ಇಲ್ಲ, ಗೊತ್ತೈತಿ. ಸ್ಟೀಲ್ ತಾಟು, ಎರಡು ಜೋಳದ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಚಟ್ನಿ, ಅರ್ಧ ಹೋಳು ಲಿಂಬಿ, ಬಾಜೂಕ ಹಸಿ ಉಳ್ಳಾಗಡ್ಡಿ. ಬೆಳಕು ಟ್ಯೂಬ್‌ಲೈಟಿಂದು. ಫಿಲ್ಟರ್ ಹಾಕಿಲ್ಲ. ಲೊಕೇಶನ್ನೂ ಹಾಕಿಲ್ಲ. ಯಾಕ ಹಾಕಿಲ್ಲ ಅಂತ ಹೇಳಾಕ ಎಂಟು ಪೋಸ್ಟ್ ಬೇಕಾದವು. ಪೂರ್ತಿ ಓದ್ರಿ, ಆಮ್ಯಾಲ ಬೈರಿ.

ಹೋದ ವಾರ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಒಂದು ರೀಲ್ ಓಡಾಡಿತು. ಫ್ರಾನ್ಸಿನ ಲಿಯೋನ್ ನಗರ. ಅಲ್ಲಿನ ಹಳೇ ಪೇಟೆ, ಕಲ್ಲು ಹಾಸಿದ ಇಕ್ಕಟ್ಟಾದ ಓಣಿ, ಓಣಿಯೊಳಗ ನಾಲ್ಕೈದು ಮೇಜಿನ ಪುಟ್ಟ ಹೋಟೆಲ್. ಎಲ್ಲರೂ ಹಾರ್ಟ್ ಒತ್ತಿದರು. 'ಲೈಫಿನಾಗ ಒಮ್ಮೆ ಇಲ್ಲಿ ಉಣ್ಣಬೇಕು' ಅಂತ ಬರೆದವರೊಳಗ ನಾನೂ ಒಬ್ಬ. ಅದೇ ಮಧ್ಯಾಹ್ನ ಯಾರೋ 'ಉಣ್ಣಾಕ ಎಲ್ಲಿ ಹೋಗೂಣು?' ಅಂದರು. ಅದೇ ಗ್ರೂಪಿನಲ್ಲಿ ಉತ್ತರ ಬಂತು: 'ವಿಜಯಪುರದಾಗ ಏನೈತಲೇ, ಬರೀ ಖಾನಾವಳಿ.'

ನನ್ನ ಜಗಳ ಆ 'ಬರೀ' ಅನ್ನೋ ಪದದ ಜೊತೆ.

2/8
ಮೊದಲು ಆ ಲಿಯೋನ್ ಕಥೆ ಕೇಳ್ರಿ. ಅಲ್ಲಿನ ಅಂಥ ಸಣ್ಣ ಹೋಟೆಲಿಗೆ 'ಬುಶೋನ್' ಅಂತಾರ. ಲಿಯೋನ್ ಅಂದರೆ ರೇಷ್ಮೆ ನೇಯುವ ಊರು. ದುಡಿದು ದಣಿದು ಬಂದ ನೇಕಾರರು, ಕೂಲಿಯವರು ಕಡಿಮೆ ರೊಕ್ಕದಾಗ ಹೊಟ್ಟೆ ತುಂಬಿಸಿಕೊಳ್ಳುವ ಜಾಗ ಅದು. ಅಡುಗೆಯೂ ಹಂಗೇ: ಶ್ರೀಮಂತರು ಬಿಟ್ಟ ಕರುಳು, ಪಚ್ಚಿಯಂಥ ಮಾಂಸವನ್ನ ರುಚಿ ಮಾಡಿ ಬಡಿಸಿದ್ದು. ಅಲ್ಲಿ ಒಂದು ಹೆಸರುವಾಸಿ ತಿನಿಸು ಐತಿ, ಹಸಿ ಚೀಸಿನಾಗ ಸೊಪ್ಪು, ಉಪ್ಪು, ಮೆಣಸು ಕಲೆಸಿದ್ದು. ಅದರ ಹೆಸರಿನ ಅರ್ಥ 'ರೇಷ್ಮೆ ನೇಕಾರನ ಮಿದುಳು'. ಬಡವನನ್ನ ಆಡಿಕೊಂಡ ಹೆಸರು, ಈಗ ಎಲ್ಲರೂ ಖುಷಿಯಿಂದ ತಿಂತಾರ.

ಆ ಊರಿನ ಅಡುಗೆಗೆ ಹೆಸರು ತಂದವರು ಹೆಣ್ಣುಮಕ್ಕಳು. ಊರಿನವರು ಅವರನ್ನ 'ಅವ್ವ' ಅಂತಲೇ ಕರೀತಿದ್ದರು. ಅವರೊಳಗ ಎಝೆನಿ ಬ್ರಾಜಿಯೆ ಅನ್ನೋ ಹೆಣ್ಣುಮಗಳು ಮನೆಗೆಲಸದಿಂದ ಶುರು ಮಾಡಿ ಸ್ವಂತ ಹೋಟೆಲ್ ತೆರೆದಳು. 1933ರಲ್ಲಿ ಆಕೆಯ ಎರಡು ಹೋಟೆಲಿಗೂ ಮಿಶೆಲಿನ್ ಪುಸ್ತಕ ಮೂರು ಮೂರು ಸ್ಟಾರ್ ಕೊಟ್ಟಿತು. 1998ರಲ್ಲಿ ಲಿಯೋನ್‌ನ ಹಳೇ ಊರು ಯುನೆಸ್ಕೋ ಪಟ್ಟಿಗೂ ಸೇರಿತು.

ಈಗ ಹೇಳ್ರಿ. ಹಳೇ ಊರು, ದುಡಿಯುವ ಮಂದಿ, ಅವ್ವನ ಕೈ ಅಡುಗೆ, ಸಣ್ಣ ಜಾಗ. ಇದು ಖಾನಾವಳಿ ಅಲ್ಲದೆ ಮತ್ತೇನು?

3/8
ನಮ್ಮ ಊರೂ ಏನು ನಿನ್ನೆ ಮೊನ್ನೆಯದಲ್ಲ. 1490ರಿಂದ 1686ರವರೆಗೆ ಆದಿಲ್ ಶಾಹಿಗಳ ರಾಜಧಾನಿ. ಗೋಳಗುಮ್ಮಟ ಮುಗಿದದ್ದು 1656ರಲ್ಲಿ. ಕೋಟೆ ಗೋಡೆ ದಾಟದೆ ಈ ಊರಾಗ ಓಡಾಡಾಕ ಆಗಂಗಿಲ್ಲ. ಟೂರಿಸ್ಟ್ ಬಸ್ಸು ಬರ್ತದ, ಗುಮ್ಮಟದಾಗ ಕೂಗ್ತಾರ, ಇಬ್ರಾಹಿಂ ರೋಜಾ ಮುಂದ ಫೋಟೋ ಹೊಡಕೋತಾರ, ಹೈವೇ ಬಾಜೂ ಯಾವುದೋ ದೊಡ್ಡ ಹೋಟೆಲಿನಾಗ ನಾನ್, ಪನೀರ್ ತಿಂದು ಹೋಗ್ತಾರ. ಅವರನ್ನ ಬೈಯೋದಿಲ್ಲ, ಅವರಿಗೆ ಗೊತ್ತಿಲ್ಲ. ಆದರ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಕಾಲೇಜಿಗೆ ಬಂದ ನಾವೂ ಅದನ್ನೇ ಮಾಡ್ತೀವಲ್ಲ?

'ಖಾನಾವಳಿ' ಪದ ಮರಾಠಿಯ 'ಖಾಣಾವಳ'ದ ತಂಗಿ. ನಮ್ಮ ಜಿಲ್ಲೆ 1956ರ ತನಕ ಮುಂಬಯಿ ರಾಜ್ಯದಾಗ ಇತ್ತು, ಆ ನಂಟು ನಮ್ಮ ನಾಲಿಗೆ ಮೇಲೂ ಐತಿ, ತಾಟಿನಾಗೂ ಐತಿ. ಮನೆ ಬಿಟ್ಟು ಊರಿಗೆ ಬಂದವರಿಗೆ ತಿಂಗಳ ಲೆಕ್ಕದಾಗ ಊಟ ಹಾಕುವ ಜಾಗ ಅದು. ಅಂದರೆ ಖಾನಾವಳಿ ಹುಟ್ಟಿದ್ದೇ ನಮ್ಮಂಥವರ ಸಲುವಾಗಿ. ಅವ್ವನ ಕೈ ರೊಟ್ಟಿ ಬಿಟ್ಟು ಬಂದ ಹುಡುಗ ಹುಡುಗಿಯರ ಸಲುವಾಗಿ. ನಾವೇ ಅದಕ್ಕ 'ಬರೀ' ಅಂತೀವಿ.

4/8
'ಮ್ಯಾಪಿನಾಗ ಚಲೋ ರೇಟಿಂಗ್ ಇರೋದೇ ಸಿಗಂಗಿಲ್ಲ ದೋಸ್ತ' ಅಂತಾರ. ಹೌದು, ಸಿಗಂಗಿಲ್ಲ. ಅಲ್ಲಿ ದಿನಾ ಉಣ್ಣುವವರು ಸ್ಟಾರ್ ಕೊಡಾಕ ಹೋಗೋದಿಲ್ಲ, ನಾಳೆ ಮತ್ತೆ ಉಣ್ಣಾಕ ಬರ್ತಾರ. ಅದೇ ಅವರ ರೇಟಿಂಗ್.

ಹುಡುಕೋದು ಹ್ಯಾಂಗ? ಮಧ್ಯಾಹ್ನ ಒಂದು ಗಂಟೆಗೆ ಗಾಂಧಿ ಚೌಕದಿಂದ ಮಾರ್ಕೆಟ್ ಕಡೆ ನಡೀರಿ. ಬೈಕ್ ಬ್ಯಾಡ. ಹಮಾಲರು, ಆಟೋದವರು, ಕಂಡಕ್ಟರ್‌ಗಳು, ಆಫೀಸಿನ ಸಿಪಾಯಿಗಳು ಯಾವ ಸಂದಿಯೊಳಗ ಹೊಕ್ಕಾರ ನೋಡ್ರಿ. ಕಿವಿ ಕೊಡ್ರಿ, ರೊಟ್ಟಿ ಬಡಿಯೋ ಪಟಪಟ ಸಪ್ಪಳ ಬರ್ತದ. ಒಳಗ ಹೋಗಿ 'ಮೆನು ಕೊಡ್ರಿ' ಅನಬ್ಯಾಡ್ರಿ, 'ಇವತ್ತ ಏನ್ ಪಲ್ಯ ಮಾಡೀರಿ?' ಅನ್ರಿ. ಎರಡು ಪಲ್ಯದ ಹೆಸರು ಹೇಳಿದರ ಕೂಡ್ರಿ. ಮೂವತ್ತು ಹೇಳಿದರ ಎದ್ದು ಬರ್ರಿ. ಒಂದು ಒಲಿ ಮ್ಯಾಲ ಒಂದೇ ದಿನ ಮೂವತ್ತು ತಾಜಾ ಪಲ್ಯ ಆಗಂಗಿಲ್ಲ.

ಋತು ನೋಡ್ರಿ. ಚಳಿಗಾಲಕ್ಕ ಹಸಿ ಮೆಂತೆ, ಹಕ್ಕರಕಿ ತಾಟಿಗೆ ಬಂದ್ರ ಅಲ್ಲಿ ಮಾರ್ಕೆಟ್ಟಿನ ತರಕಾರಿ ಅಡುಗೆಮನಿಗೆ ಹೋಗ್ತದ ಅಂತ ಅರ್ಥ. ಲಿಂಬಿ ಕೇಳಬೇಕಾಗಿಲ್ಲ, ತಾನಾಗೇ ಬರ್ತದ. ಇಂಡಿ ಲಿಂಬಿಗೆ ಜಿಐ ಟ್ಯಾಗ್ ಬಂದೈತಿ, ನಮ್ಮ ಖಾನಾವಳಿಯೊಳಗ ಅದು ಇನ್ನೂ ಫುಕಟ್.

5/8
ಈಗ ನನ್ನ ತಪ್ಪು ಹೇಳ್ತೀನಿ. ಇಷ್ಟೆಲ್ಲಾ ಉಪದೇಶ ಮಾಡಾಕ ನನಗ ಹಕ್ಕು ಬಂದದ್ದು ಅಲ್ಲಿಂದ.

ಹೋದ ವರ್ಷ ಹಳೇ ಊರಾಗ ಒಂದು ಖಾನಾವಳಿಗೆ ದಿನಾ ಹೋಗ್ತಿದ್ದೆ. ಆರು ಬೆಂಚು. ಒಬ್ಬರು ಅಕ್ಕಾರು, ಅವರ ಸೊಸಿ, ಒಂದು ಹಂಚು. ನಾನು ಒಂದು ರೀಲ್ ಮಾಡಿದೆ: 'ಯಾರಿಗೂ ಗೊತ್ತಿರದ ಹಿಡನ್ ಜೆಮ್'. ಲೊಕೇಶನ್ ಹಾಕಿದೆ. ವ್ಯೂಸ್ ಬಂದವು, ನಾನು ದೊಡ್ಡ ಮನುಷ್ಯ ಆದೆ.

ಭಾನುವಾರ ಮಂದಿ ಬಂತು. ಓಣಿ ತುಂಬ ಬೈಕು. ಒಂದೂವರೆಗೇ ರೊಟ್ಟಿ ಮುಗಿದವು. ದಿನಾ ಬರೋ ಹಮಾಲ ಕಾಕಾ ಹೊರಗ ನಿಂತಿದ್ದರು, ಅವರ ಬೆಂಚಿನ ಮ್ಯಾಲ ಯಾರೋ ತಾಟಿನ ಫೋಟೋ ತೆಗೀತಿದ್ದರು. ಕಾಕಾ ಒಂದು ಗ್ಲಾಸ್ ನೀರು ಕುಡಿದು ಹೋದರು. ಸಂಜಿಗೆ ಒಬ್ಬಾತ ರಿವ್ಯೂ ಬರೆದ: ಸರ್ವಿಸ್ ಸ್ಲೋ, ಎಸಿ ಇಲ್ಲ, ಎರಡು ಸ್ಟಾರ್.

ಸೋಮವಾರ ಹೋದೆ. ಮಂದಿ ಬರ್ತಾರ ಅಂತ ಅಕ್ಕಾರು ಜಾಸ್ತಿ ಹಿಟ್ಟು ಬೀಸಿಸಿಟ್ಟಿದ್ದರು. ಒಬ್ಬರೂ ಬಂದಿರಲಿಲ್ಲ. ಅವರು ಸಿಟ್ಟಾಗಲಿಲ್ಲ. 'ತಮ್ಮಾ, ನಿನ್ನಿ ಬಂದವರು ಮತ್ತ ಯಾವಾಗ ಬರ್ತಾರೋ?' ಅಂತಷ್ಟೇ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತು ರೊಟ್ಟಿ ಗಂಟಲಾಗ ಇಳೀಲಿಲ್ಲ. ರಾತ್ರಿ ರೀಲ್ ಡಿಲೀಟ್ ಮಾಡಿದೆ.

'ಯಾರಿಗೂ ಗೊತ್ತಿರದ' ಅಂತ ಬರೆದಿದ್ದೆನಲ್ಲ, ಅದು ಸುಳ್ಳು. ಆ ಜಾಗ ಹಮಾಲ ಕಾಕಾನಿಗೆ ಮೊದಲಿಂದ ಗೊತ್ತಿತ್ತು. ಗೊತ್ತಿರದಿದ್ದದ್ದು ನಮಗ ಅಷ್ಟೇ.

6/8
'ಪ್ರಚಾರ ಸಿಕ್ಕರ ಅವರಿಗೇ ಲಾಭ ಅಲ್ಲೇನೋ?' ಅಂತ ಕೇಳ್ತೀರಿ. ನಾನೂ ಹಂಗೇ ತಿಳಿದಿದ್ದೆ. ಲೆಕ್ಕ ಹಾಕ್ರಿ. ಖಾನಾವಳಿ ನಡೆಯೋದು ಒಂದು ದಿನದ ನೂರು ಮಂದಿಯಿಂದ ಅಲ್ಲ, ನೂರು ದಿನ ಬರೋ ಮೂವತ್ತು ಮಂದಿಯಿಂದ. ನಾಳೆ ಎಷ್ಟು ಮಂದಿ ಉಣ್ತಾರ ಅಂತ ಗೊತ್ತಿದ್ದರ ಮಾತ್ರ ಎಷ್ಟು ಕಾಳು ನೆನಿ ಹಾಕಬೇಕು ಅಂತ ಗೊತ್ತಾಗ್ತದ. ಆ ಲೆಕ್ಕ ತಪ್ಪಿದರ ಒಂದೋ ಅನ್ನ ಕೆಡ್ತದ, ಇಲ್ಲಾ ಮಂದಿ ಹಸ್ಕೊಂಡು ಹೋಗ್ತಾರ.

ಪ್ರಚಾರ ಜಾಸ್ತಿ ಆದ್ರ ಏನಾಗ್ತದ ಅಂತ ಲಿಯೋನ್‌ನ್ನೇ ಕೇಳ್ರಿ. ಟೂರಿಸ್ಟರು ತುಂಬಿದ ಮ್ಯಾಲ ಹಳೇ ಊರಿನ ತುಂಬ 'ಬುಶೋನ್' ಬೋರ್ಡು ಬಂದವು. ಖರೇ ಯಾವುದು, ಖೋಟಾ ಯಾವುದು ತಿಳೀದಂಗಾಯ್ತು. ಕಡೀಗೆ ಇದು ಖರೇ ಬುಶೋನ್ ಅಂತ ಗುರುತಿಸಾಕ 2012ರಲ್ಲಿ ಅಲ್ಲಿನವರು ಒಂದು ಲೇಬಲ್ ತರಬೇಕಾಯ್ತು. ನಮ್ಮಲ್ಲೂ ಶುರು ಆಗೈತಿ. ಎತ್ತಿನ ಬಂಡಿಯ ಗಾಲಿ ಗ್ವಾಡಿಗೆ ನೇತು ಹಾಕಿ, ಮಷೀನ್ ರೊಟ್ಟಿ ಕೊಟ್ಟು, ಅಚ್ಚ 'ಉತ್ತರ ಕರ್ನಾಟಕ ಥಾಲಿ' ಅಂತ ಮೂರು ಪಟ್ಟು ರೊಕ್ಕ ತಗೋತಾರ. ಅಲ್ಲಿ ನಾವು ಕೇಳಿದಷ್ಟು ಕೊಟ್ಟು ಬರ್ತೀವಿ. ಖಾನಾವಳಿ ಅಕ್ಕ ಊಟಕ್ಕ ಹತ್ತು ರೂಪಾಯಿ ಏರಿಸಿದರ 'ಏನ್ರೀ ಇಷ್ಟ ತುಟ್ಟಿ!' ಅಂತೀವಿ.

7/8
ಒಂದು ರೊಟ್ಟಿ ಹಿಂದಿನ ಕೆಲಸ ಗೊತ್ತೈತೇನು? ಜೋಳದ ಹಿಟ್ಟಿಗೆ ಗೋಧಿಯಂಗ ಅಂಟು ಇಲ್ಲ. ಕುದಿಯೋ ಎಸರು ಹಾಕಿ, ಬಿಸಿ ಇದ್ದಾಗಲೇ ನಾದಬೇಕು. ಲಟ್ಟಣಿಗಿ ಇಲ್ಲದ ಅಂಗೈಯಿಂದಲೇ ಬಡಿದು ಬಡಿದು ತೆಳ್ಳಗ ಮಾಡಬೇಕು. ಹಂಚಿನ ಮ್ಯಾಲ ಹಾಕಿ ಮೇಲ್ಮೈಗೆ ನೀರಿನ ಅರಿವಿ ಸವರಬೇಕು. ಬೆಂಕಿ ಮುಂದ ಕುಂತು ಇದನ್ನ ದಿನಕ್ಕ ಎಷ್ಟು ಸಲ ಮಾಡ್ತಾರ ಅಂತ ಯಾರೂ ಎಣಿಸಿಲ್ಲ. ಈ ಕೈ ಬ್ಯಾನಿ ಯಾವ ರೀಲಿನಾಗೂ ಕಾಣಂಗಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿದಾಗ ನಾವೆಲ್ಲ ಜೋಳದ ಪೋಸ್ಟರ್ ಶೇರ್ ಮಾಡಿದ್ವಿ. ರೊಟ್ಟಿ ಬಡಿಯೋರ ಬಗ್ಗೆ ಯಾರೂ ಬರೀಲಿಲ್ಲ.

ನಾನು ಬಸವನ ಬಾಗೇವಾಡಿಯವ. ಬಸವಣ್ಣ ಹುಟ್ಟಿದ ಊರು ಅಂತ ಬಯೋದಾಗ ಹಾಕ್ಕೊಂಡೀನಿ. ಕಾಯಕ, ದಾಸೋಹ ಅಂತ ಭಾಷಣ ಸ್ಪರ್ಧೆಯಾಗ ಪ್ರೈಜ್ ತಗೊಂಡವರು ನಾವು. ಹಾಗಾದರ ರೊಟ್ಟಿ ಬಡಿಯೋದು ಕಾಯಕ ಅಲ್ಲೇನು? ಆಕೆಗೆ ಸರಿಯಾದ ರೊಕ್ಕ ಕೊಡೋದು, ತಾಟಿನಾಗ ಬಿಡದಂಗ ಉಣ್ಣೋದು ಅದೇ ಪಾಠದಾಗ ಬರಂಗಿಲ್ಲೇನು?

ಇನ್ನೊಂದು ಮಾತು, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಕಡೆ ಬೋರ್ಡಿನ ಮ್ಯಾಲ ಜಾತಿ ಹೆಸರು ಇರ್ತದ. 'ಲಿಂಗಾಯತ' ಅಂದರ ಶಾಖಾಹಾರ, 'ಸಾವಜಿ' ಅಂದರ ಮಾಂಸದ ಖಾರ ಊಟ, ಇಷ್ಟೇ ಅರ್ಥ ಅಂತ ನಾವು ತಿಳಿದೀವಿ. ಬೋರ್ಡು ಅಡುಗೆಯ ಗುರುತಾಗಿ ಇದ್ದರ ಇರಲಿ. ಬೆಂಚಿನ ಮ್ಯಾಲ ಯಾರು ಕೂಡಬೇಕು ಅನ್ನೋ ಗುರುತಾದರ ಆ ಖಾನಾವಳಿ ನಮಗ ಬ್ಯಾಡ, ಎಣಗಾಯಿ ಎಷ್ಟೇ ರುಚಿ ಇರಲಿ.

8/8
ಕಡೀ ಮಾತು. ಒಳ್ಳೇ ಖಾನಾವಳಿಯನ್ನ ಕಂಡುಹಿಡಿಯೋದು ದೊಡ್ಡದಲ್ಲ. ಅದು ಉಳಿಯೋದು ನೀವು ಮತ್ತೆ ಹೋದಾಗ. ಮೊದಲನೇ ಸಲ ನೀವು ಗಿರಾಕಿ. ಹತ್ತನೇ ಸಲಕ್ಕ ನಿಮಗ ಚಟ್ನಿ ಎಷ್ಟು ಖಾರ ಬೇಕು ಅಂತ ಅಕ್ಕಾಗ ಗೊತ್ತಿರ್ತದ. ಮರೆಯಲಾಗದ ಊಟ ಅಂದರ ಅದು, ರೀಲಿನಾಗ ಸಿಗಂಗಿಲ್ಲ.

ಅದಕ್ಕ ನನ್ನ ಕಡೆಯಿಂದ ನಾಲ್ಕು ಮಾತು. ವಾರಕ್ಕ ಒಂದು ದಿನವಾದರೂ ಒಂದೇ ಖಾನಾವಳಿಗೆ ಹೋಗ್ರಿ. ಸಾಧ್ಯ ಇದ್ದರ ತಿಂಗಳ ಊಟ ಹಚ್ಚಿ, ರೊಕ್ಕ ಮುಂಗಡ ಕೊಡ್ರಿ, ಅದರಿಂದ ಅವರ ಜೋಳದ ಚೀಲ ಬರ್ತದ. ಫೋಟೋ ತೆಗಿಯೋ ಮುಂಚೆ ಕೇಳ್ರಿ, ಲೊಕೇಶನ್ ಹಾಕೋ ಮುಂಚೆ ಎರಡು ಸಲ ಕೇಳ್ರಿ. ದೋಸ್ತರನ್ನ ಕರ್ಕೊಂಡು ಹೋಗ್ರಿ, ಆದರ ಇಪ್ಪತ್ತು ಮಂದಿಯನ್ನ ಅಲ್ಲ, ಇಬ್ಬರನ್ನ. ಅಂದಾಗ ಹಮಾಲ ಕಾಕಾನ ಬೆಂಚು ಕಾಕಾಗೇ ಉಳೀತದ.

ನಾನು ಆ ಅಕ್ಕಾರ ಹತ್ರ ತಿರುಗಿ ಹೋದೆ. ಎರಡು ವಾರ ಮುಖ ತೋರಿಸಾಕ ಆಗಿರಲಿಲ್ಲ. ಬೈತಾರ ಅಂತ ತಿಳಿದಿದ್ದೆ. 'ಎಲ್ಲಿ ಹಾಳಾಗಿ ಹೋಗಿದ್ದಿ, ಸೊರಗೀದಿ ನೋಡು' ಅಂದು ಕೇಳದೇ ಮೂರನೇ ರೊಟ್ಟಿ ಹಾಕಿದರು. ಮೇಲಿನ ಫೋಟೋ ಅವತ್ತಿಂದು, ಅವರನ್ನ ಕೇಳಿ ತೆಗೆದದ್ದು. 'ತಾಟಿಂದು ತಗಿ, ನಂದು ಬ್ಯಾಡ' ಅಂದರು.

ಲಿಯೋನ್‌ಗೆ ಹೋಗ್ರಿ, ನಾನೂ ಹೋಗ್ತೀನಿ, ರೊಕ್ಕ ಕೂಡಲಿ. ಆದರ ಅದಕ್ಕೂ ಮೊದಲು ನಾಳೆ ಮಧ್ಯಾಹ್ನ ಒಂದಕ್ಕ ಗಾಂಧಿ ಚೌಕದಾಗ ಇರ್ತೀನಿ. ಇಬ್ಬರಿಗೆ ಜಾಗ ಐತಿ. ಮೊದಲು 'ಬರ್ತೀನಿ' ಅಂದವರು ಬರ್ರಿ. ಫೋನ್ ಕಿಸೆಯಾಗ ಇರಲಿ.

#ಖಾನಾವಳಿ #ಬರೀ_ಅನಬ್ಯಾಡ್ರಿ #ವಿಜಯಪುರ #ಬಸವನಬಾಗೇವಾಡಿ #ಜೋಳದರೊಟ್ಟಿ